ಮಗುಚಿ ಹಾಕಿದ ದೋಣಿ

ಕಳಸದಿಂದ ಕೆಳಗೆ ಒಂದು ಕಡೆ ಭದ್ರಾ ಹೊಳೆ ಎರಡು ಕವಲಾಗಿ ಒಡೆದು, ಸ್ವಲ್ಪ ದೂರ ಹೋಗಿ ಮತ್ತೆ ಕೂಡಿಕೊಳ್ಳುತ್ತದೆ. ನಡುವೆ ಉಳಿದ ನೆಲವೇ ನಮ್ಮ ಊರು. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದಿತ್ತು. ಮಳೆ ಹಿಡಿದರೆ ಮುಗಿಯಿತು, ಸುತ್ತಲೂ ನೀರು. ಇಷ್ಟೇ ಇಷ್ಟು ನಡುಗಡ್ಡೆಯನ್ನೂ ಜನ ಎರಡು ಮಾಡಿಕೊಂಡಿದ್ದರು. ದಿಬ್ಬದ ಮೇಲೆ ಒಡೆಯರ ಮನೆ, ಅವರ ದಾಯಾದಿಗಳ ಮನೆಗಳು, ದೇವಸ್ಥಾನ. ತಗ್ಗಿನಲ್ಲಿ, ನೆರೆ ಬಂದರೆ ಮೊದಲು ಮುಳುಗುವ ಕಡೆ, ನಮ್ಮ ಕೇರಿ.

ನಾನು ಮದುವೆಯಾಗುವವರೆಗೂ ಮಳೆಗಾಲದಲ್ಲಿ ಎಲ್ಲರಿಗೂ ಬಿದಿರಿನ ತೆಪ್ಪವೇ ಗತಿಯಾಗಿತ್ತು. ಒಡೆಯರು ದೋಣಿ ಬೇಕೆಂದು ಸರ್ಕಾರಕ್ಕೆ ಅರ್ಜಿ ಬರೆಸಿದರು. ಊರಿನಲ್ಲಿ ಎಷ್ಟು ಜನ ಇದ್ದಾರೆ ಎಂದು ಮೇಲಧಿಕಾರಿಗಳು ಕೇಳಿದರಂತೆ. ದಿಬ್ಬದ ಮನೆಗಳವರನ್ನು ಎಣಿಸಿದರೆ ಸಾಲಲಿಲ್ಲ. ಆಗ ನಮ್ಮ ನೆನಪಾಯಿತು. ಶ್ಯಾನುಭೋಗರು ನಮ್ಮ ಕೇರಿಯ ಅಂಚಿಗೆ ಬಂದು ಮರದಡಿ ಕೂತು, ತೊಟ್ಟಿಲ ಕೂಸುಗಳನ್ನೂ ಬಿಡದೆ ಎಣಿಸಿಕೊಂಡರು. ಜೀವನದಲ್ಲಿ ಅದೊಂದೇ ಸಲ ನಾವು ಊರಿನವರಾದದ್ದು. ನಮ್ಮ ಅವ್ವನೂ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಎರಡು ದಿನ ತೊಳೆಯದೆ ಎಲ್ಲರಿಗೂ ತೋರಿಸಿಕೊಂಡು ತಿರುಗಿದಳು.

ದೋಣಿ ಬಂತು. ಒಳ್ಳೆಯ ಮರದ, ಡಾಂಬರು ಬಳಿದ, ಹತ್ತಾರು ಜನ ಹಿಡಿಸುವ ದೋಣಿ. ಅದರ ಹಿಂದೆಯೇ ಕಟ್ಟಳೆಯೂ ಬಂತು. ಹಗಲೆಲ್ಲ ಅದು ದಿಬ್ಬದವರದು. ಸಂಜೆ ಕೊನೆಯ ಸಲ ನಮ್ಮದು, ಆಚೆಗೆ ಹೋಗುವವರು ಹೋಗಿ ಈಚೆಗೆ ಬರುವವರು ಬರಬೇಕು. ಆಗಲೂ ಅಡ್ಡಹಲಗೆಯ ಮೇಲೆ ಕೂರುವಂತಿಲ್ಲ, ತಳದಲ್ಲಿ ಕುಕ್ಕರಗಾಲು. ನಾವು ಇಳಿದ ಮೇಲೆ ಅದನ್ನು ಸಗಣಿ ನೀರಿನಲ್ಲಿ ತೊಳೆದು, ತೀರ್ಥ ಚಿಮುಕಿಸಿ, ದಡದ ಹುಲ್ಲಿನ ಮಾಡಿನ ಕೆಳಗೆ ಮಗುಚಿ ಹಾಕುತ್ತಿದ್ದರು. ಮರ ಒಣಗಿದ ಮೇಲೇ ಅದು ಶುದ್ಧ. ಆಷಾಢದಲ್ಲಿ, ಉಟ್ಟ ಬಟ್ಟೆಯೇ ಒಣಗದ ಕಾಲದಲ್ಲಿ, ಮರ ಎಲ್ಲಿಂದ ಒಣಗಬೇಕು? ಭಟ್ಟರು ಒಣಗಿತು ಎಂದರೆ ಒಣಗಿತು. ದಿನವೂ ಬೆಳಗಿನ ಪೂಜೆಯ ಹೊತ್ತಿಗೆ ಸರಿಯಾಗಿ ಒಣಗುತ್ತಿತ್ತು.

ಆದ್ದರಿಂದ ನಮ್ಮ ಕೇರಿಯವರು ಆಚೆ ದಡದ ಬಿಳಿ ದೊರೆಗಳ ಕಾಫಿ ಎಸ್ಟೇಟಿಗೆ ಕೆಲಸಕ್ಕೆ ಹೋದರೆ ವಾರವೆಲ್ಲ ಅಲ್ಲಿನ ಕೂಲಿ ಲೈನಿನ ಮನೆಗಳಲ್ಲೇ ಇದ್ದು, ಸಂತೆಯ ದಿನ ಸಂಜೆ ಮನೆಗೆ ಬರುತ್ತಿದ್ದರು. ನಾನೂ ನನ್ನ ಗಂಡನೂ ಅವ್ವನೂ ಹಾಗೇ ಹೋಗುತ್ತಿದ್ದೆವು. ನನ್ನ ಪುಟ್ಟ ಮಗಳು ಊರಿನಲ್ಲಿ ಅತ್ತೆಯ ಹತ್ತಿರ.

ಅವ್ವ ಕಳೆ ತೆಗೆಯುವುದು ಹೊಟ್ಟೆಪಾಡಿಗೆ. ಅವಳ ನಿಜವಾದ ಕೆಲಸ ಸೂಲಗಿತ್ತಿಯದು. ದಿಬ್ಬದ ಮನೆಗಳಲ್ಲಿ ಹುಟ್ಟಿದ ಅಷ್ಟೂ ಮಕ್ಕಳನ್ನು ಮೊದಲು ಮುಟ್ಟಿದ್ದು ಅವಳ ಕೈ. ಹೆರಿಗೆ ಕೋಣೆಗೆ ಹೇಗೂ ಮೈಲಿಗೆ, ಅಲ್ಲಿ ಅವಳಿಗೆ ಅಡ್ಡಿಯಿಲ್ಲ. ಹಿತ್ತಲ ಬಾಗಿಲಿನಿಂದ ಕರೆದುಕೊಳ್ಳುತ್ತಿದ್ದರು. ಹೆರುವವಳು ಅವಳ ಕುತ್ತಿಗೆಗೆ ಜೋತುಬಿದ್ದು ಕೂಗಬಹುದಿತ್ತು. ಹತ್ತು ದಿನ ಕಳೆದರೆ ಅದೇ ಹೆಣ್ಣು ಅವ್ವನನ್ನು ಕಂಡು ನಾಲ್ಕು ಮಾರು ದೂರ ಸರಿಯುತ್ತಿದ್ದಳು. ಇದನ್ನು ಕಂಡು ನಾನು ಉರಿದುಬಿದ್ದರೆ ಅವ್ವ ನಗುತ್ತಿದ್ದಳು. ‘ಸಾಯ್ಲಿ ಬಿಡೇ, ಅವ್ರ ಮಕ್ಳು ಹುಟ್ಟೋವಾಗ ನೋಡಿದ್ದೇ ನನ್ ಮುಖ. ಅದುನ್ನ ತೊಳ್ಕಣಕ್ಕಾಗುತ್ತಾ ಅವ್ರಿಗೆ?’ ಎನ್ನುವಳು. ಹೆರಿಗೆಗಳಿಗೆ ನನ್ನನ್ನೂ ಜೊತೆಗೆ ಕರೆದೊಯ್ದು ಕೆಲಸ ಕಲಿಸಿದ್ದಳು.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಬರ, ಅಕ್ಕಿಗೆ ಬರ, ಮಳೆಗೆ ಮಾತ್ರ ಬರವಿರಲಿಲ್ಲ. ಒಡೆಯರ ಕಿರಿಯ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳೂ ಅವ್ವನ ಕೈಯಲ್ಲೇ ಹುಟ್ಟಿದವಳು. ಹೆರಿಗೆಗೆ ಇನ್ನೂ ದಿನವಿದೆ ಎಂದು ಅವ್ವ ನಮ್ಮ ಜೊತೆ ಎಸ್ಟೇಟಿಗೆ ಬಂದಿದ್ದಳು. ಒಂದು ಬೆಳಿಗ್ಗೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಂಡು ಮಳೆಯಲ್ಲೇ ಕಳೆ ತೆಗೆಯುತ್ತಿದ್ದೆವು. ದೋಣಿ ನಡೆಸುವ ಅಂಬಿಗ ಏದುಸಿರು ಬಿಡುತ್ತಾ ಗುಡ್ಡ ಹತ್ತಿ ಬಂದ. ಒಡೆಯರ ಮಗಳಿಗೆ ಹಿಂದಿನ ಸಂಜೆಯಿಂದ ನೋವು, ಮಗು ಅಡ್ಡ ನಿಂತಿದೆ, ಬೇಗ ಬರಬೇಕು ಎಂದ. ಅವ್ವ ಕತ್ತಿಯನ್ನು ಅಲ್ಲೇ ಹಾಕಿ ಹೊರಟಳು. ಮೇಸ್ತ್ರಿ ಬೈಯುತ್ತಿದ್ದುದು ಅವಳ ಕಿವಿಗೆ ಬೀಳಲೇ ಇಲ್ಲ. ನಾನೂ ನನ್ನ ಗಂಡನೂ ಅವಳ ಹಿಂದೆ ಓಡಿದೆವು.

ಹೊಳೆ ಕೆಂಪಗೆ, ದಡ ಮುಟ್ಟಿ ಹರಿಯುತ್ತಿತ್ತು. ದೋಣಿ ಕಟ್ಟಿತ್ತು. ಅದರ ಹಿಂಬದಿಗೆ ಹಗ್ಗದಲ್ಲಿ ಒಂದು ಹಳೆಯ ತೆಪ್ಪವನ್ನೂ ಕಟ್ಟಿದ್ದರು. ಅದು ಯಾಕೆಂದು ನನಗೆ ಮೊದಲು ಹೊಳೆಯಲಿಲ್ಲ.

ಅಂಬಿಗ ನಮ್ಮ ಮುಖ ನೋಡದೆ ಹೇಳಿದ. ‘ಒಡೇರು ಹಂಗೇ ಹೇಳಿದಾರೆ ಮಾರಾಯ್ತಿ. ಮಧ್ಯಾಹ್ನದ ಮೇಲೆ ಬೀಗರು ಬರ್ತಾರೆ. ನೀನು ದೋಣಿ ಹತ್ತಿದ್ರೆ ತೊಳ್ದು ಮಗುಚಿ ಹಾಕ್ಬೇಕು, ನಾಳೆವರ್ಗೂ ಅವ್ರನ್ನ ದಾಟ್ಸಕ್ಕೆ ಬರಲ್ಲ. ನೀನು ತೆಪ್ಪದ ಮೇಲೆ ಕೂತ್ಕ. ನಾನು ನಿಧಾನಕ್ಕೆ ಎಳ್ಕಂಡು ಹೋಗ್ತೀನಿ.’

‘ಈ ನೀರಲ್ಲಿ ತೆಪ್ಪನಾ? ನಿಂಗೆ ಕಣ್ಣಿಲ್ವಾ?’ ಎಂದೆ ನಾನು.

‘ನಂಗೆ ಕಣ್ಣಿದೆ. ಮಾತಿಲ್ಲ’ ಎಂದ ಅವನು.

ನಾನು ಅವ್ವನ ಕೈ ಹಿಡಿದುಕೊಂಡೆ. ಹೋಗಬೇಡ, ದೋಣಿಯಲ್ಲಿ ಕೂರಿಸಿಕೊಳ್ಳುವುದಾದರೆ ಬರುತ್ತೇನೆ ಎಂದು ಹೇಳಿ ಕಳಿಸು ಎಂದೆ. ಅವ್ವ ಆಚೆ ದಡ ನೋಡಿದಳು. ಅಲ್ಲಿ ಒಡೆಯರು ಛತ್ರಿ ಹಿಡಿದು ನಿಂತಿದ್ದರು.

‘ಹೇಳಿ ಕಳ್ಸಿ, ಅವ್ರು ಯೋಚ್ನೆ ಮಾಡಿ, ಭಟ್ರುನ್ನ ಕೇಳಿ... ಅಷ್ಟೊತ್ತಿಗೆ ಆ ಹುಡುಗಿ ಇರ್ತಾಳೇನೇ? ಕೈ ಬಿಡು.’

ಕೈ ಬಿಟ್ಟೆ. ಅವ್ವ ಸೀರೆ ಎತ್ತಿ ಕಟ್ಟಿಕೊಂಡು ತೆಪ್ಪದ ನಡುವೆ ಕೂತಳು. ಮುಂದೆ ಅಷ್ಟು ದೊಡ್ಡ ದೋಣಿ ಖಾಲಿ ಹೋಗುತ್ತಿತ್ತು. ಅರ್ಧ ಹೊಳೆ ದಾಟಿದ್ದರು. ಮೇಲಿನಿಂದ ಬೇರು ಸಮೇತ ಒಂದು ಮರ ತೇಲಿ ಬಂದು ದೋಣಿಗೂ ತೆಪ್ಪಕ್ಕೂ ನಡುವಿನ ಹಗ್ಗಕ್ಕೆ ಬಡಿಯಿತು. ಹಗ್ಗ ಕಿತ್ತಿತು. ತೆಪ್ಪ ಒಂದು ಸುತ್ತು ತಿರುಗಿ ಮುಳುಗಿತು. ಅವ್ವನ ತಲೆ ಒಂದು ಸಲ ಮೇಲೆ ಕಂಡಿತು, ಆಮೇಲೆ ಕಾಣಲಿಲ್ಲ.

ನಾನು ಎಂಥ ಕೂಗಿದೆನೋ ನನಗೆ ನೆನಪಿಲ್ಲ. ನನ್ನ ಗಂಡ, ಕೂಗು ಕೇಳಿ ಲೈನಿನಿಂದ ಇಳಿದು ಬಂದ ಗಂಡಸರು, ಎಲ್ಲ ದಡದುದ್ದಕ್ಕೂ ಕೆಳಗೆ ಓಡಿದರು. ದೋಣಿ ಈಚೆ ದಡಕ್ಕೆ ವಾಪಸು ಬಂತು. ಅಂಬಿಗ ಇಳಿದು ನನ್ನ ಎದುರು ಬಂದು ನಿಂತ. ‘ನಿಂಗೂ ಕೆಲ್ಸ ಬರುತ್ತಲ್ಲ. ನೀನಾದ್ರೂ ಬಾರೇ ತಾಯಿ. ಅಲ್ಲಿ ಎರಡು ಜೀವ’ ಎಂದ.

ನಿಮ್ಮ ಅವ್ವ ನೀರುಪಾಲಾದ ಹೊತ್ತಿನಲ್ಲಿ ನೀವು ಆ ಮನೆಗೆ ಹೇಗೆ ಹೋದಿರಿ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಅವ್ವ ಹೊರಟ ಕೆಲಸ ಹಾಗೇ ಬಾಕಿ ಇತ್ತು, ಅದಕ್ಕೆ ಹೋದೆ. ಸಿಟ್ಟಿಗೂ ಹೋದೆ. ಆ ದೋಣಿಯಲ್ಲಿ ಹಾಡುಹಗಲೇ ಕೂತೇ ತೀರಬೇಕು ಎನ್ನುವ ಸಿಟ್ಟು ನನ್ನನ್ನು ನಿಲ್ಲಲು ಬಿಡಲಿಲ್ಲ. ‘ಹಲಗೆ ಮೇಲೆ ಕೂತು ಬರ್ತೀನಿ’ ಎಂದೆ. ಅಂಬಿಗ ಆಚೆ ದಡದತ್ತ ತಿರುಗಿ, ನನ್ನನ್ನೂ ದೋಣಿಯನ್ನೂ ತೋರಿಸಿ ಕೈಸನ್ನೆ ಮಾಡಿದ. ಕೊನೆಗೆ ಒಡೆಯರ ಛತ್ರಿ, ಹೂಂ ಎಂಬಂತೆ, ಒಂದು ಸಲ ಕೆಳಗಿಳಿದು ಮೇಲೇರಿತು. ನಾನು ಹತ್ತಿ ಅಡ್ಡಹಲಗೆಯ ಮೇಲೆ ಕೂತೆ. ಆ ಹಲಗೆಯ ಮೇಲೆ ಅವ್ವ ಒಂದು ದಿನವೂ ಕೂತಿರಲಿಲ್ಲ.

ಹೆರಿಗೆ ಕೋಣೆಯಲ್ಲಿ ಹೊಗೆ, ಕತ್ತಲು. ಒಡೆಯರ ಮಗಳು ನನ್ನನ್ನು ನೋಡಿದವಳೇ, ‘ನಿನ್ನ ಅವ್ವ ಎಲ್ಲಿ?’ ಎಂದಳು.

‘ಬರ್ತಿದಾಳೆ ಅಮ್ಮಾ’ ಎಂದೆ.

ಅವಳು ಮತ್ತೆ ಮತ್ತೆ ಕೇಳಿದಳು, ನಾನು ಮತ್ತೆ ಮತ್ತೆ ಅದನ್ನೇ ಹೇಳಿದೆ. ಎಣ್ಣೆ ಹಚ್ಚಿ, ಅವ್ವ ಹೇಳಿಕೊಟ್ಟಂತೆ ಹೊಟ್ಟೆಯ ಮೇಲಿನಿಂದಲೇ ನಿಧಾನವಾಗಿ ಮಗುವನ್ನು ತಿರುಗಿಸಿದೆ. ನನ್ನ ಕೈಗಳು ನನ್ನವಾಗಿರಲಿಲ್ಲ. ಅಳು ಬಂದಾಗ ಕಣ್ಣಿಗೆ ಹೊಗೆ ಎಂದೆ. ಹೊತ್ತು ಇಳಿಯುವ ಹೊತ್ತಿಗೆ ಗಂಡು ಮಗು ಹುಟ್ಟಿತು. ಕೂಗಿತು ಕೂಡ. ಹೊರಗೆ ಜಗಲಿಯ ಮೇಲೆ ಹೆಂಗಸರ ಸಂತೋಷ ಕೇಳಿಸಿತು.

ನಾನು ಕೈ ತೊಳೆಯುತ್ತಿದ್ದೆ. ನಮ್ಮ ಕೇರಿಯ ಹೆಂಗಸರು ಹಿತ್ತಲ ಬೇಲಿಯಾಚೆಯಿಂದ ನನ್ನನ್ನು ಕೂಗಿದರು. ಅತ್ತೆ ಮುಂದೆ ಇದ್ದಳು. ನಡುಗಡ್ಡೆಯ ಬಾಲದ ಕಡೆ, ಎರಡು ಕವಲು ಕೂಡುವಲ್ಲಿ, ನೀರಿನ ನಡುವೆ ಒಂದು ಬಿದಿರು ಮೆಳೆ ಇದೆ. ಅವ್ವ ಅದಕ್ಕೆ ಸಿಕ್ಕಿಕೊಂಡಿದ್ದಾಳೆ ಎಂದು ಆಚೆ ದಡದಿಂದ ನನ್ನ ಗಂಡ ಕೂಗಿ ಹೇಳುತ್ತಿದ್ದಾನಂತೆ. ಈಚೆಯಿಂದ ಇವರೂ ನೋಡಿದ್ದರು. ಸೀರೆ ಕಾಣುತ್ತದೆ, ಒಂದು ಕೈ ಕಾಣುತ್ತದೆ. ‘ಕೈ ಅಲ್ಲಾಡ್ತಿದೆ ಕಣೇ’ ಎಂದಳು ಅತ್ತೆ. ಅಲ್ಲಿಗೆ ಹೋಗಲು ದೋಣಿ ಬೇಕು.

ನಾನು ಮುಂಬಾಗಿಲಿಗೇ ಓಡಿದೆ. ಅಂಗಳದಲ್ಲಿ ಒಡೆಯರಿದ್ದರು. ಮುಖದಲ್ಲಿ ನೆಮ್ಮದಿ ಇತ್ತು. ಅವರು ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು, ಒಂದು ದಿನವೂ ಯಾರ ಮೇಲೂ ಕೈ ಎತ್ತಿದವರಲ್ಲ. ವಿಷಯ ಹೇಳಿ, ‘ದೋಣಿ ಕೊಡಿ ಒಡೇರೆ’ ಎಂದೆ.

‘ತೊಳ್ಸಿ ಹಾಕಿದ್ದೀವಲ್ಲ, ಇನ್ನೂ ಒಣಗಿಲ್ಲ’ ಎಂದರು ಮೆತ್ತಗೆ. ‘ನೀನು ಕೂತು ಬಂದ್ಯಲ್ಲ, ಅದಕ್ಕೆ. ಬೀಗರು ಆಚೆ ಕಾಯ್ತಾ ಕೂತಿದಾರೆ. ಇವತ್ತು ದೀಪ ಹಚ್ಚೋ ಹೊತ್ತಿಗೇ ಒಣಗುತ್ತೆ ಅಂತ ಭಟ್ರು ಹೇಳಿದಾರೆ. ಅವ್ರುನ್ನ ಕರ್ಕಂಬಂದ ಮೇಲೆ ನೀವೇ ತಗಂಡ್ ಹೋಗಿ. ನಾನು ಬ್ಯಾಡ ಅನ್ನಲ್ಲ.’

‘ಅವ್ವ ಜೀವಂತ ಇದಾಳೆ ಒಡೇರೆ.’

‘ಈ ನೀರಲ್ಲಿ ಇಷ್ಟೊತ್ತು ಯಾರು ಇರ್ತಾರೆ? ನೀನು ಬಾಳ ದಣಿದಿದೀಯ. ಕೂತ್ಕ, ಅಕ್ಕಿ ಕೊಡುಸ್ತೀನಿ.’

ನಾನು ಅವರ ಅಕ್ಕಿಗೆ ಕೂರಲಿಲ್ಲ. ಹೆಂಗಸರೆಲ್ಲ ಸೇರಿ ದಡಕ್ಕೆ ಓಡಿದೆವು. ಕೇರಿಯ ಗಂಡಸರೆಲ್ಲ ಎಸ್ಟೇಟಿನಲ್ಲಿ, ಆಚೆ ದಡದಲ್ಲಿ. ದೋಣಿ ಹುಲ್ಲಿನ ಮಾಡಿನ ಕೆಳಗೆ ಬೋರಲಾಗಿ ಬಿದ್ದಿತ್ತು. ಹಸಿ ಸಗಣಿಯ ವಾಸನೆ. ಒಂದು ಅಂಚಿಗೆ ಎಲ್ಲರೂ ಕೈ ಕೊಟ್ಟು ಎತ್ತಿದೆವು. ಗೇಣು ಎದ್ದಿತು, ಜಾರಿ ಬಿತ್ತು. ಮತ್ತೆ ಎತ್ತಿದೆವು, ಮತ್ತೆ ಬಿತ್ತು. ಒಬ್ಬಳ ಬೆರಳು ಸಿಕ್ಕಿ ಜಜ್ಜಿಹೋಯಿತು. ಗಂಡಸರಾದರೆ ನಾಲ್ಕು ಜನ ಸಾಕಿತ್ತು. ಬೆಳಕು ಕಡಿಮೆಯಾಗುತ್ತಿತ್ತು. ಆಗ ಹಿಂದಿನಿಂದ ಯಾರೋ ಓಡಿ ಬಂದ ಸದ್ದಾಯಿತು. ಅಂಬಿಗ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಒಂದು ಗಳ. ಗಳವನ್ನು ಅಂಚಿನಡಿ ತೂರಿಸಿ ಮೀಟಿದ. ದೋಣಿ ಹೊರಳಿತು.

ನೀರಿಗೆ ಇಳಿಸಿ ನಾನೂ ಅವನೂ ಹೊರಟೆವು. ನಾನು ಮುಂದೆ ನಿಂತಿದ್ದೆ, ಬೀಳ್ತೀಯ ಕೂತ್ಕ ಎಂದು ಅವನು ಕೂಗುತ್ತಿದ್ದ. ಮೆಳೆ ಮುಟ್ಟುವಾಗ ಮುಖ ಕಾಣುವಷ್ಟು ಬೆಳಕು ಇನ್ನೂ ಇತ್ತು. ಬಿದಿರಿನ ಮುಳ್ಳಿಗೆ ಅವ್ವನ ಸೀರೆ ಸುತ್ತಿಕೊಂಡಿತ್ತು. ಒಳಗೆ ಅವ್ವ ಇರಲಿಲ್ಲ. ನಾವು ದೋಣಿ ಎತ್ತುತ್ತಿದ್ದಾಗಲೇ ನೀರು ಬಿಡಿಸಿಕೊಂಡು ಹೋಯಿತು ಎಂದು ನನ್ನ ಗಂಡ ದಡದಲ್ಲಿ ತಲೆ ಚಚ್ಚಿಕೊಳ್ಳುತ್ತಿದ್ದ.

ಆ ಕೈಯನ್ನು ಅಲ್ಲಾಡಿಸಿದ್ದು ಹೊಳೆಯೋ ಅವ್ವನೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಗಂಡ ಹೊಳೆಯೇ ಎಂದು ಸಾಯುವವರೆಗೂ ಹೇಳಿದ, ನನ್ನ ಸಮಾಧಾನಕ್ಕೆ. ನಾನು ಆ ದೋಣಿಯಲ್ಲಿ ಕೂರದೆ ಇದ್ದಿದ್ದರೆ ದೋಣಿ ನೀರಿನಲ್ಲೇ ಇರುತ್ತಿತ್ತು ಎಂದು ನಮ್ಮ ಕೇರಿಯಲ್ಲೇ ಒಬ್ಬಳು ಅಂದಳು. ಅವಳ ಬಾಯಿ ಮುಚ್ಚಿಸಿದ್ದು ನಮ್ಮತ್ತೆ. ಕೂತದ್ದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ, ಅದನ್ನು ಇಲ್ಲಿ ಹೇಳಿಯೇ ಬಿಡುತ್ತೇನೆ. ನನ್ನ ಸಂಕಟವೇ ಬೇರೆ. ಅವ್ವ ಮೆಳೆ ಹಿಡಿದುಕೊಂಡು ಕಾಯುತ್ತಿದ್ದ ಹೊತ್ತಿನಲ್ಲಿ ನಾನು, ಬರ್ತಿದಾಳೆ, ಬರ್ತಿದಾಳೆ ಎಂದು ಹೇಳುತ್ತಾ ಕೂತಿದ್ದೆ.

ಬೀಗರು ಆ ರಾತ್ರಿ ಆಚೆ ದಡದಲ್ಲಿ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯಲ್ಲೇ ಉಳಿಯಬೇಕಾಯಿತು. ಬೆಳಿಗ್ಗೆ ನಾವು ಅವ್ವನನ್ನು ಹುಡುಕಲು ದಡ ಹಿಡಿದು ಕೆಳಗೆ ಹೊರಟೆವು. ದೋಣಿ ಕಟ್ಟುವ ಕಡವಿನ ಪಕ್ಕ ಹಾದು ಹೋಗುವಾಗ ಒಡೆಯರ ಮನೆಯ ಆಳುಗಳು ದೋಣಿಯನ್ನು ತೊಳೆಯುತ್ತಿದ್ದರು.