ಗಾಲಿಕುರ್ಚಿ ಏರಿ ಹೊರಟ ಹಳೇ ಸಾಮಾನು

ಬೀದಿದೀಪಗಳು ಇನ್ನೂ ಆರಿಲ್ಲ. ಇಕ್ಕಟ್ಟಾದ ಓಣಿಯೊಳಗಿಂದ ಗಾಲಿಕುರ್ಚಿಯೊಂದು ಕಿರ್ರೆನ್ನುತ್ತ ಬರುತ್ತಿದೆ. ಅದರಲ್ಲಿರುವವರಿಗೆ ತಲೆತುಂಬ ಕಂಬಳಿ ಹೊದಿಸಿ, ಬೀಳದ ಹಾಗೆ ಪಟ್ಟಿ ಬಿಗಿಯಲಾಗಿದೆ. ಎದುರು ಬಂದ ಪೇಪರ್ ಹಾಕುವವನು ಸೈಕಲ್ಲಿನಿಂದ ಇಳಿದು, ಗೋಡೆಗೆ ಅಂಟಿಕೊಂಡು ನಿಂತು ದಾರಿ ಬಿಡುತ್ತಾನೆ. "ಪಾಪ, ಬೇಗ ಹುಷಾರಾಗ್ಲಿ" ಎಂದು ಮರುಗುತ್ತಾನೆ. ಕುರ್ಚಿ ತಳ್ಳುತ್ತಿರುವ ಹೆಂಗಸು ಕಂಬಳಿಯ ಅಂಚು ಎತ್ತಿ ತೋರಿಸುತ್ತಾರೆ. ಒಳಗೆ ಕೂತಿರುವುದು ಡುಬ್ಬದ ಹಳೇ ಟಿ.ವಿ.

"ಇವ್ರು ಹುಷಾರಾಗಲ್ಲ ಕಣಪ್ಪ. ಪಿಕ್ಚರ್ ಟ್ಯೂಬೇ ಹೋಗ್ಬಿಟ್ಟಿದೆ!"

ಪೇಪರಿನವನ ನಗು ಓಣಿಯ ತುದಿಯವರೆಗೂ ಕೇಳಿಸುತ್ತದೆ. ಹೆಂಗಸು ಆಗಲೇ ಮುಂದಿನ ತಿರುವಿನಲ್ಲಿದ್ದಾರೆ. ಅವರ ಹಿಂದೆಯೇ, ಮಗಳನ್ನು ಗಂಡನ ಮನೆಗೆ ಕಳಿಸುವವರ ಮುಖ ಹೊತ್ತು, ಟಿ.ವಿ.ಯ ಯಜಮಾನ ಕಾಲೆಳೆದುಕೊಂಡು ಬರುತ್ತಿದ್ದಾನೆ.

ಇವರನ್ನು ಸುತ್ತಲಿನ ನಾಲ್ಕಾರು ಬೀದಿಗಳು ಕರೆಯುವುದು ಗಾಲಿಯಕ್ಕ ಎಂದು. ಕಾರಿಲ್ಲದವರ ಮನೆಯಿಂದ ಬೇಡದ ಸಾಮಾನು ಸಾಗಿಸುವುದು ಇವರ ಕಸುಬು. ಕಾರಿದ್ದವರ ಮಾತು ಬಿಡಿ, ಡಿಕ್ಕಿಗೆ ತುರುಕಿ ಎಲ್ಲಾದರೂ ಸುರಿದು ಕೈತೊಳೆದುಕೊಳ್ಳುತ್ತಾರೆ. ಕಾರಿಲ್ಲದವರ ಮನೆಯಲ್ಲಿ ಮುರಿದ ಕುರ್ಚಿಗೂ ಆಯುಷ್ಯ ಗಟ್ಟಿ. ಅದು ಮಂಚದಡಿಗೆ ಹೋಗುತ್ತದೆ, ಅಲ್ಲಿಂದ ಅಟ್ಟಕ್ಕೆ, ಅಟ್ಟ ತುಂಬಿದರೆ ಬಾಗಿಲ ಹಿಂದಕ್ಕೆ. ಕೊನೆಗೊಂದು ದಿನ ಮನೆಯವರೇ ಸಾಮಾನಿಗೆ ದಾರಿ ಬಿಟ್ಟು ಅಡ್ಡಡ್ಡ ನಡೆಯಲು ಕಲಿಯುತ್ತಾರೆ.

ಇವತ್ತಿನ ಮನೆ ಅಂಥದ್ದೇ. ಆ ಟಿ.ವಿ.ಯ ಯಜಮಾನನೂ ಅವನ ತಂಗಿಯೂ ಇರುವ ಮನೆ. ಅಣ್ಣ ಫ್ಯಾನ್ ರಿಪೇರಿ ಮಾಡುವವನು, ಬೀದಿಯವರ ಬಾಯಲ್ಲಿ ಫ್ಯಾನಣ್ಣ. ತಂಗಿ ಟೈಲರ್. ನೆಲಮಹಡಿಯಲ್ಲಿ ಒಂದೇ ಉದ್ದನೆಯ ಕೋಣೆ, ಆ ತುದಿಯಲ್ಲಿ ಬಚ್ಚಲು. ತಂಗಿ ಮೆಟ್ಟಿಲಿಂದ ಬಿದ್ದು ಸೊಂಟದ ಆಪರೇಷನ್ ಆಗಿದೆ. ಇನ್ನು ಬಹಳ ದಿನ ಅವಳ ಓಡಾಟವೆಲ್ಲ ಗಾಲಿಕುರ್ಚಿಯಲ್ಲೇ. ಸಂಜೆ ಆಸ್ಪತ್ರೆಯಿಂದ ಅವಳ ಜೊತೆ ಮನೆ ನೋಡಲು ನರ್ಸ್ ಬರುತ್ತಾರೆ. ಬಾಗಿಲಿಂದ ಬಚ್ಚಲಿನವರೆಗೆ ಕುರ್ಚಿ ಸಲೀಸಾಗಿ ಹೋದರೆ ಅವಳು ಮನೆಯಲ್ಲಿ ಉಳಿಯುತ್ತಾಳೆ. ಇಲ್ಲವಾದರೆ ದೂರದ ಆರೈಕೆ ಕೇಂದ್ರಕ್ಕೆ, ತಿಂಗಳುಗಟ್ಟಲೆ. ಆದರೂ ಅಣ್ಣನ ಕೈ ಮಾತ್ರ ಒಂದು ಸ್ಕ್ರೂ ಬಿಟ್ಟುಕೊಡಲೂ ತಯಾರಿಲ್ಲ.

"ಇದರ ಮೋಟರ್ ಚೆನ್ನಾಗಿದೆ ಅಕ್ಕ. ಇದರ ರೆಕ್ಕೆ ಮುಂದೆ ಬೇಕಾಗುತ್ತೆ," ಎಂದು ಒಂದೊಂದು ಫ್ಯಾನನ್ನೂ ಎದೆಗವಚಿಕೊಳ್ಳುತ್ತಾನೆ.

ಗಾಲಿಯಕ್ಕ ವಾದಕ್ಕೆ ಇಳಿಯುವವರಲ್ಲ. ಕುರ್ಚಿಯನ್ನು ಹೊಸ್ತಿಲ ಬಳಿ ನಿಲ್ಲಿಸಿ, "ಕೂತ್ಕೊಳ್ಳಿ" ಎನ್ನುತ್ತಾರೆ. "ನೀವೇ ಚಕ್ರ ತಿರುಗಿಸ್ಕೊಂಡು ಬಚ್ಚಲಿಗೆ ಹೋಗಿ ಬನ್ನಿ. ನೀರು ಕುಡಿದು ಬಹಳ ಹೊತ್ತಾಗಿದೆ, ಅರ್ಜೆಂಟಾಗಿದೆ ಅಂದ್ಕೊಳ್ಳಿ."

ಫ್ಯಾನಣ್ಣ ನಗುತ್ತಲೇ ಹೊರಡುತ್ತಾನೆ. ಮೊದಲು ಸ್ಟ್ಯಾಂಡ್ ಫ್ಯಾನಿಗೆ ಢಿಕ್ಕಿ. ಆಮೇಲೆ ರೇಡಿಯೋ ಗುಡ್ಡೆಗೆ. ಹಿಂದೆ ಸರಿಯಲು ಹೋದರೆ ವೈರಿನ ಸುರುಳಿ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಕೋಣೆಯ ನಡುವೆ ಸಿಕ್ಕಿಬಿದ್ದು, ಅತ್ತ ಇತ್ತ ನೋಡಿ, ಮುಖ ಬಾಡಿಸಿಕೊಳ್ಳುತ್ತಾನೆ.

"ಕಣ್ಣೆದುರೇ ಇದೆ ಅಕ್ಕ, ಹೋಗಕ್ಕಾಗ್ತಿಲ್ಲ."

"ಹ್ಞೂಂ. ಈಗ ಹೇಳಿ, ಮೊದ್ಲು ಯಾವುದನ್ನ ಎತ್ತೋಣ?"

ಅಲ್ಲಿಂದ ಶುರುವಾಗುತ್ತದೆ ನೋಡಿ ಭರಾಟೆ! ಕುರ್ಚಿ ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ತಿರುಗುವ ಫ್ಯಾನುಗಳು ಬೇಕರಿಗೆ, ಇಸ್ತ್ರಿ ಅಂಗಡಿಗೆ, ಮೂಲೆಮನೆಯ ಬಾಣಂತಿಗೆ. ಪ್ರಾಣ ಬಿಟ್ಟವು ಗುಜರಿಗೆ. ಮಧ್ಯಾಹ್ನದ ಹೊತ್ತಿಗೆ ಓಣಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ. "ಈ ಸಲ ಯಾರ ಸವಾರಿ ಅಕ್ಕ?" ಎಂದು ಮಹಡಿಯಿಂದ ಕೂಗುವವರೂ ಇದ್ದಾರೆ.

ಗಾಲಿಯಕ್ಕನದು ಒಂದೇ ಕಟ್ಟುನಿಟ್ಟು: ಸಾಮಾನಿನ ಯಜಮಾನ ಜೊತೆಗೆ ನಡೆದು ಬಂದು ತನ್ನ ಕೈಯಾರೆ ಕೊಡಬೇಕು. "ಕಾರಿದ್ರೆ ಎಲ್ಲಿಗೆ ಬೇಕಾದ್ರೂ ಒಯ್ದು ಬಿಸಾಕಬಹುದು. ಇದು ನನ್ನ ಕಾಲು ನಡೆದಷ್ಟು ದೂರ ಹೋಗೋ ಗಾಡಿ. ಅಷ್ಟರೊಳಗೇ ಯಾರಿಗಾದ್ರೂ ಬೇಕಾಗಿರ್ಬೇಕು. ಅದಕ್ಕೆ ಮೊದ್ಲು ಬಾಗಿಲು ತಟ್ಟಿ ಕೇಳೋದು, ಆಮೇಲೆ ಎತ್ತೋದು," ಎನ್ನುತ್ತಾರೆ. ಈ ಕಟ್ಟುನಿಟ್ಟು ಬಂದದ್ದು ಒಂದು ಎಡವಟ್ಟಿನಿಂದ. ಶುರುವಿನ ದಿನಗಳಲ್ಲಿ ಒಂದು ವ್ಯಾಯಾಮದ ಸೈಕಲ್ಲನ್ನು ಯಜಮಾನರಿಲ್ಲದೆ ತಾವೇ ಒಯ್ದು ಹಿಂದಿನ ಬೀದಿಯ ಮನೆಗೆ ಕೊಟ್ಟರು. ಆ ಮನೆಯಾಕೆ ಬಾಗಿಲಲ್ಲೇ ಕಿಟಾರನೆ ಕಿರುಚಿದರು. ಹೋದ ವರ್ಷ ಹರಸಾಹಸ ಮಾಡಿ ಅದನ್ನು ಆ ಯಜಮಾನರಿಗೆ ದಾಟಿಸಿದವರು ಅವರೇ! ಅದರ ಮೇಲೆ ಕೂತು ತುಳಿದವರು ಎರಡೂ ಮನೆಯಲ್ಲಿ ಯಾರೂ ಇರಲಿಲ್ಲ. ಒದ್ದೆ ಟವೆಲ್ ಮಾತ್ರ ಎರಡೂ ಕಡೆ ಸವಾರಿ ಮಾಡಿತ್ತು.

ಮೊದಲು ಇವರು ಆಸ್ಪತ್ರೆಯೊಂದರಲ್ಲಿ ವಾರ್ಡಿನ ಆಯಾ. ರೋಗಿಗಳನ್ನು ಗಾಲಿಕುರ್ಚಿಯಲ್ಲಿ ಎಕ್ಸ್‌ರೇ ಕೋಣೆಗೆ, ಅಲ್ಲಿಂದ ವಾರ್ಡಿಗೆ ತಳ್ಳುವುದೇ ಕೆಲಸ. ಗುತ್ತಿಗೆ ಬದಲಾಯಿತು, ಹೊಸಬರು ಹೊಸ ಆಳುಗಳನ್ನು ತಂದರು. ಗಂಡ ಮೊದಲೇ ತೀರಿಕೊಂಡಿದ್ದರು, ಓದುವ ಮಗಳು ಮನೆಯಲ್ಲಿದ್ದಳು. "ಆಚೆ ಬಂದಾಗ ಕಣ್ಣು ಕತ್ತಲೆ ಬಂತು. ಆಸ್ಪತ್ರೆ ಹಿತ್ತಿಲಲ್ಲಿ ಒಂದು ಚಕ್ರ ಸೊಟ್ಟಗಾದ ಕುರ್ಚಿ ಬಿಸಾಕಿದ್ರು. ಇದನ್ನಾದ್ರೂ ಕೊಡಿ ಅಂದೆ, ತಗೊಂಡು ಹೋಗಮ್ಮ ಅಂದ್ರು. ಇಬ್ಬರಿಗೂ ಒಂದೇ ದಿನ ಕೆಲಸ ಹೋಗಿತ್ತು ನೋಡಿ!" ನಗುತ್ತಾರೆ, ಕುರ್ಚಿಯ ಬೆನ್ನು ತಟ್ಟುತ್ತಾರೆ. ಲಿಫ್ಟಿಗೂ ಹೋಗುತ್ತದೆ, ಇಳಿಜಾರಿಗೂ ಹೋಗುತ್ತದೆ. ಎಲ್ಲಿ ಹೋದರೂ ಜನ ತಾವಾಗಿಯೇ ದಾರಿ ಬಿಡುತ್ತಾರೆ.

ಕೋಣೆ ಖಾಲಿಯಾಗುತ್ತ ಬಂದಾಗ ಗೋಡೆಯ ಪಕ್ಕ ಉಳಿಯುವುದು ತಂಗಿಯ ಬಟ್ಟೆ ಕತ್ತರಿಸುವ ಮೇಜು. ನಿಂತು ಕೆಲಸ ಮಾಡುವಷ್ಟು ಎತ್ತರ, ಬಾಗಿಲಗಲದ ಹಲಗೆ. ಬಚ್ಚಲಿನತ್ತ ಕುರ್ಚಿ ಹೊರಳಿಸಬೇಕಾದ ಜಾಗದಲ್ಲೇ ಮೇಜಿನ ಕೆಳಗಿನ ಅಡ್ಡಪಟ್ಟಿ ಕೂತವರ ಕಾಲಿಗೆ ತಗಲುತ್ತದೆ. ಮೂರು ಸಲ ನೋಡಿದರೂ ಅದೇ ಕಥೆ.

ಫ್ಯಾನಣ್ಣ ಮೇಜಿಗೆ ಅಡ್ಡ ನಿಲ್ಲುತ್ತಾನೆ. ಈ ಸಲ ಅವನ ದನಿಯಲ್ಲಿ ಹಟವಿಲ್ಲ. "ನನ್ನದೆಲ್ಲ ತಗೊಂಡು ಹೋಗಿ ಅಕ್ಕ. ಇದು ಬೇಡ. ಇದನ್ನ ಆಚೆ ಹಾಕಿದ್ರೆ, ಇನ್ನು ನಿನ್ನ ಕೈಲಿ ಏನೂ ಆಗಲ್ಲ ಅಂತ ನಾನೇ ಅವಳಿಗೆ ಹೇಳಿದ ಹಾಗಾಗುತ್ತೆ."

ಬಿಸಿಲು ಆಗಲೇ ಎದುರುಮನೆಯ ಗೋಡೆ ಹತ್ತಿದೆ. ಬೆಳಗಿನಿಂದ ನಡೆದು ದಣಿದ ಗಾಲಿಯಕ್ಕ ತಮ್ಮದೇ ಕುರ್ಚಿಯಲ್ಲಿ ಕೂರುತ್ತಾರೆ. ಕೂತಲ್ಲಿಂದ ನೋಡಿದರೆ ಮೇಜಿನ ಹಲಗೆ ಅವರ ಗದ್ದಕ್ಕೆ ಬರುತ್ತದೆ. ಒಂದು ಗಳಿಗೆ ಹಾಗೇ ದಿಟ್ಟಿಸಿ, ದಡಕ್ಕನೆ ಮೇಲೇಳುತ್ತಾರೆ.

"ಇದನ್ನ ಆಚೆ ಹಾಕಿದ್ರೂ ಕೆಟ್ಟಿತು, ಹಿಂಗೇ ಬಿಟ್ಟರೂ ಕೆಟ್ಟಿತು. ಇಷ್ಟೆತ್ತರದಲ್ಲಿ ಕೂತ್ಕೊಂಡು ಬಟ್ಟೆ ಕತ್ತರಿಸೋಕಾಗುತ್ತಾ? ಗರಗಸ ಇದೆಯಾ ಮನೇಲಿ?"

"ಇ... ಇದೆ."

"ಅಡ್ಡಪಟ್ಟಿಗಿಂತ ಸ್ವಲ್ಪ ಮೇಲೆ ಕಾಲು ಕುಯ್ಯಿರಿ, ನಾಲ್ಕೂ!"

ಓಣಿಯೇ ಹೋ ಎನ್ನುತ್ತದೆ. ಬೇಕರಿಯವನೂ ಇಸ್ತ್ರಿಯವಳೂ ಮೇಜನ್ನು ಮಗುಚಿ ಹಿಡಿಯುತ್ತಾರೆ. ಫ್ಯಾನಣ್ಣ ಗರಗಸ ಆಡಿಸುತ್ತಾನೆ. ಪಟ್ಟಿಯ ಸಮೇತ ತುಂಡುಗಳು ಉದುರುತ್ತವೆ. ನಿಲ್ಲಿಸಿದರೆ ಗಿಡ್ಡ ಮೇಜು ಕುಂಟುತ್ತದೆ. ಅವನು ಗುಜರಿಗೆ ಹೊರಟಿದ್ದ ಡಬ್ಬಕ್ಕೆ ಕೈಹಾಕಿ, ಫ್ಯಾನ್ ತೂಗುಹಾಕುವ ಎರಡು ಕಬ್ಬಿಣದ ಪಟ್ಟಿ ಹೆಕ್ಕಿ, ಮೇಜನ್ನು ಗೋಡೆಗೆ ಬಿಗಿಯುತ್ತಾನೆ.

"ನೋಡಿದ್ರಾ ಅಕ್ಕ! ಬೇಕಾಗುತ್ತೆ ಅಂತ ನಾನು ಬಡ್ಕೊಂಡೆ!"

"ಜಂಬ ಆಮೇಲೆ. ಬೋಲ್ಟ್ ಬಿಗಿ ಮಾಡಿ."

ಸಂಜೆ ತಂಗಿಯನ್ನೂ ನರ್ಸನ್ನೂ ಕರೆತಂದ ಬಾಡಿಗೆ ಗಾಡಿ ಓಣಿಯ ಬಾಯಲ್ಲೇ ನಿಲ್ಲುತ್ತದೆ, ಒಳಗೆ ಬರಲು ಜಾಗವಿಲ್ಲ. ಆಸ್ಪತ್ರೆಯವರು ಕೊಟ್ಟ ಕುರ್ಚಿಯಲ್ಲಿ ತಂಗಿಯನ್ನು ಕೂರಿಸಿ ಗಾಲಿಯಕ್ಕನೇ ತಳ್ಳಿಕೊಂಡು ಬರುತ್ತಾರೆ. ಹೊಸ್ತಿಲು ದಾಟಿಸಿ ಹಿಡಿ ಬಿಡುತ್ತಾರೆ. ತಂಗಿ ತಾನೇ ಚಕ್ರ ತಿರುಗಿಸುತ್ತಾಳೆ. ಬಚ್ಚಲಿನ ತಿರುವಿನಲ್ಲಿ ಎಲ್ಲರೂ ಕತ್ತು ಚಾಚುತ್ತಾರೆ. ಅವಳ ಪಾದಗಳು ಮೇಜಿನಡಿ ನುಸುಳುತ್ತವೆ, ಕುರ್ಚಿ ಸರಾಗವಾಗಿ ಹೊರಳುತ್ತದೆ. "ಸರಿ, ಇರಬಹುದು" ಎಂದು ನರ್ಸ್ ನಗುತ್ತಾರೆ.

ತಂಗಿಗೆ ಅದು ಕೇಳಿಸಿದಂತಿಲ್ಲ. ಅವಳು ಮೇಜಿನ ಮುಂದೆ ಕುರ್ಚಿ ನಿಲ್ಲಿಸಿಕೊಂಡಿದ್ದಾಳೆ. ಎರಡೂ ಮೊಣಕೈ ಹಲಗೆಯ ಮೇಲಿಟ್ಟು, ಅಂಗೈಯಿಂದ ಅದನ್ನು ಸವರುತ್ತಾಳೆ.

"ಯಾರು ಇದನ್ನ ಕುಯ್ದಿದ್ದು?"

ಫ್ಯಾನಣ್ಣ ಮುಂದೆ ಬರುತ್ತಾನೆ. "ನಾನೇ ಕಣೇ."

"ಸೊಟ್ಟ ಕುಯ್ದಿದ್ದೀಯ." ಅವಳ ಕೆನ್ನೆ ಒದ್ದೆಯಾಗಿದೆ, ತುಟಿ ನಗುತ್ತಿದೆ. "ಆ ನೀಲಿ ಬಟ್ಟೆ ತಗೊಂಬಾ. ಬಿದ್ದ ದಿನ ಅರ್ಧಕ್ಕೇ ಬಿಟ್ಟಿದ್ದೆ."

ಅಣ್ಣ ಬಟ್ಟೆ ಹುಡುಕಲು ಓಡುತ್ತಾನೆ. ಗಾಲಿಯಕ್ಕ ತಮ್ಮ ಖಾಲಿ ಕುರ್ಚಿ ಹಿಡಿದು ಬಾಗಿಲಲ್ಲೇ ನಿಂತಿದ್ದಾರೆ, ಹೋಗಲು ಮನಸ್ಸಿಲ್ಲ. "ಅದೆಷ್ಟು ಜನಾನ ಆಸ್ಪತ್ರೆ ಗೇಟಿನ ತನಕ ತಳ್ಕೊಂಡು ಬಂದು ಬಿಟ್ಟಿದ್ದೀನೋ ಲೆಕ್ಕ ಇಲ್ಲ," ಎನ್ನುತ್ತಾರೆ. "ಅಲ್ಲಿಂದಾಚೆ ಅವರು ಮನೆ ಸೇರಿ ಏನು ಮಾಡ್ತಾರೆ ಅಂತ ಒಂದು ಸಲಾನೂ ನೋಡಿರ್ಲಿಲ್ಲ. ಇವತ್ತು ನೋಡ್ದೆ."