ಗೋಡೆಗೆ ಹೊಟ್ಟೆ ಇರುತ್ತದೆ

ಸೆಟ್‌ಸ್ಕ್ವೇರಿನ ಚೂಪಾದ ತುದಿಯಲ್ಲಿ ಜೋಳದ ಕಾಳಿನಷ್ಟು ಚೂರು ಇಲ್ಲ. ಮುರಿದಾಗ ಅಂಚು ಒರಟಾಗಿತ್ತು. ಹೆಬ್ಬೆರಳು ತಾಗಿ ತಾಗಿ ಈಗ ಅದೂ ನುಣುಪಾಗಿದೆ. ಪ್ಲಾಸ್ಟಿಕ್ಕು ಹಳದಿಗಟ್ಟಿದೆ, ಸೆಂಟಿಮೀಟರಿನ ಗೆರೆಗಳು ಮಾಸಿವೆ, ನಡುವಿನ ದುಂಡು ತೂತು ಮಾತ್ರ ಅಂಗಡಿಯಿಂದ ತಂದ ದಿನದ ಹಾಗೇ ಇದೆ. ಇದರಿಂದ ನಾನು ಗೆರೆ ಎಳೆಯುವುದನ್ನು ಬಿಟ್ಟು ವರ್ಷಗಳಾದವು. ಆದರೂ ಮನೆ ಬದಲಿಸಿದಾಗಲೆಲ್ಲ ಜೊತೆಗೆ ಬರುತ್ತದೆ.

ಮೊನ್ನೆ ಸಂಜೆ ಇದನ್ನು ಟ್ರಂಕಿನಿಂದ ಹೊರಗೆ ತೆಗೆದದ್ದು ಅಶ್ವಿನಿಗಾಗಿ. ನಾಸಿಕದ ನಮ್ಮ ಓಣಿಯಲ್ಲೇ ಇರುವ ಬ್ಯಾಂಕ್ ಅಧಿಕಾರಿಯೊಬ್ಬರ ಮಗಳು. ಅವರೂ ನಮ್ಮಂತೆ ಕರ್ನಾಟಕದಿಂದ ವರ್ಗವಾಗಿ ಬಂದವರು. ಹುಡುಗಿಗೆ ಆರ್ಕಿಟೆಕ್ಚರ್ ಸೇರುವ ಆಸೆ. ಓಣಿಯಲ್ಲಿ ಆ ಓದು ಓದಿದವಳು ನಾನೊಬ್ಬಳೇ ಆದ್ದರಿಂದ ತಾಯಿ ಮಗಳನ್ನು ಕರೆದುಕೊಂಡು ಬಂದಿದ್ದರು.

"ಸೇರೋದಕ್ಕಿಂತ ಮೊದಲ ಏನೇನು ಗೊತ್ತಿರಬೇಕ್ರಿ? ಏನೇನು ತಗೋಬೇಕು?" ಎಂದು ತಾಯಿ ಕೇಳಿದರು. ಎರಡನೆಯ ಪ್ರಶ್ನೆಗೆ ಉತ್ತರ ಸುಲಭ. ಮೊದಲನೆಯದಕ್ಕೆ ನಾನು ಒಂದಿಷ್ಟು ಹೇಳಿದೆ. ಪೆನ್ಸಿಲನ್ನು ಬ್ಲೇಡಿನಿಂದ ಕೆತ್ತಲು ಕಲಿ. ನೀನು ವಾರಗಟ್ಟಲೆ ಕೂತು ಬರೆದ ಹಾಳೆಯ ಮೇಲೆ ಮೇಷ್ಟ್ರು ಕೆಂಪು ಗೀಟು ಎಳೆದರೆ ಅದನ್ನು ನಿನ್ನ ಮೇಲೆ ಎಳೆದದ್ದು ಎಂದುಕೊಳ್ಳಬೇಡ. ಯಾರ ಮನೆಗೆ ಹೋದರೂ ಇನ್ನು ನಿನ್ನ ಕಣ್ಣು ಸುಮ್ಮನಿರುವುದಿಲ್ಲ, ಕೊಟ್ಟ ಚಹಾ ಬಿಟ್ಟು ತೊಲೆ ಎಣಿಸುತ್ತೀಯ. ಜನ ಬೇಸರ ಮಾಡಿಕೊಳ್ಳುತ್ತಾರೆ. ಇಷ್ಟು ಹೇಳಿ ನಿಲ್ಲಿಸಿದೆ. ಹೇಳಬೇಕಾದ ನಿಜವಾದ ಮಾತು ಒಂದೇ ಇತ್ತು, ಅದನ್ನು ಹೇಳಲು ನನ್ನ ಮನೆಯ ವಿಷಯ ತೆಗೆಯಬೇಕಿತ್ತು. ನನಗೆ ಅದು ಬೇಗ ಬರುವುದಿಲ್ಲ. ಆಗ ಹೇಳದ್ದನ್ನು ಈಗ ನಿಮ್ಮೆದುರು ಹೇಳುತ್ತಿದ್ದೇನೆ. ಕಾಗದದ ಮೇಲೆ ನನಗೆ ಧೈರ್ಯ ಹೆಚ್ಚು.

ಅಪ್ಪ ಕೇಂದ್ರ ಸರ್ಕಾರದ ನೌಕರರು, ವಿಜಾಪುರದ ಕಡೆಯವರು. ನಾನು ಹೈಸ್ಕೂಲು ಸೇರುವಷ್ಟರಲ್ಲಿ ರಾಯಚೂರು, ಸೊಲ್ಲಾಪುರ ಮುಗಿದು ನಾಸಿಕಕ್ಕೆ ಬಂದಿದ್ದೆವು. ಯಾವ ಊರಾದರೂ ಬಾಡಿಗೆ ಮನೆ. ಯಾವ ಬಾಡಿಗೆ ಮನೆಯಾದರೂ ಅಪ್ಪನ ಒಂದೇ ನಿಯಮ, ಗೋಡೆಗೆ ಮೊಳೆ ಹೊಡೆಯಬಾರದು. "ಬಿಟ್ಟು ಹೋಗೋ ಮನಿ ಇದು. ಹೋಗೋ ಮನಿಗೆ ಗಾಯ ಮಾಡಬಾರದು" ಎನ್ನುತ್ತಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಕ್ಯಾಲೆಂಡರು ಕಿಟಕಿಯ ಸರಳಿಗೆ ತೂಗುತ್ತಿತ್ತು. ಬಟ್ಟೆಯ ಹಗ್ಗ ಬಾಗಿಲ ಚಿಲಕದಿಂದ ಕಿಟಕಿಗೆ ಹೋಗುತ್ತಿತ್ತು; ಯಾರಾದರೂ ಬಾಗಿಲು ಜೋರಾಗಿ ತೆಗೆದರೆ ಅಪ್ಪನ ಅಂಗಿಗಳೆಲ್ಲ ಒಮ್ಮೆ ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದವು. ದೇವರ ಪಟಗಳು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಒಂದಕ್ಕೊಂದು ಆತು ನಿಂತಿರುತ್ತಿದ್ದವು. ಅಜ್ಜನ ಫೋಟೋ ಕುರ್ಚಿಯ ಮೇಲೆ ಕೂತಿರುತ್ತಿತ್ತು. ಬಂದವರು ಕುರ್ಚಿ ಖಾಲಿ ಇದೆಯೆಂದು ಕೂರಲು ಹೋದರೆ ಅಮ್ಮ "ಅಲ್ಲಿ ಮಾವನವರು ಕೂತಾರ್ರೀ" ಎಂದು ಕೂಗುತ್ತಿದ್ದಳು.

ನಾಸಿಕದ ಆ ಮನೆ ಹಳೆಯ ಊರಿನೊಳಗಿನ ಕಲ್ಲಿನ ಮನೆ. ಅಡುಗೆಮನೆಯ ಕಿಟಕಿಯ ಹತ್ತಿರ ಕೂತು ನಾನು ಹನ್ನೆರಡನೆಯ ತರಗತಿಯ ಪಾಠವೆಲ್ಲ ಓದಿದೆ. ಆ ವರ್ಷದ ಪರೀಕ್ಷೆ ಮುಗಿಯುವ ಹೊತ್ತಿಗೆ ಅಪ್ಪನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಅದೇ ವಾರ ನಾನು ಆರ್ಕಿಟೆಕ್ಚರ್ ಓದುತ್ತೇನೆ ಎಂದೆ. ಮನೆಯಲ್ಲಿ ಹೆಚ್ಚು ಮಾತಾಡದವಳು ಒಮ್ಮೆಲೇ ಇಷ್ಟು ದೊಡ್ಡ ಶಬ್ದ ಹೇಳಿದ್ದು ಅವರಿಗೆ ಗಾಬರಿ ತಂದಿರಬೇಕು. ಯೋಚಿಸಿ, ಔರಂಗಾಬಾದಿನ ಒಂದು ಕಾಲೇಜಿನ ಪ್ರವೇಶ ಪರೀಕ್ಷೆಗೆ ಕರೆದುಕೊಂಡು ಹೋಗಲು ಒಪ್ಪಿದರು. ಆ ಊರನ್ನು ಆಗಲೇ ಸಂಭಾಜಿನಗರ ಎನ್ನುವವರು ಇದ್ದರು. ಅಪ್ಪ ಟಿಕೆಟ್ಟಿನ ಮೇಲೆ ಇದ್ದದ್ದನ್ನೇ ಅನ್ನುತ್ತಿದ್ದರು.

ಬಸ್ಸು ಯೇವಲಾ ದಾಟಿದ ಮೇಲೆ ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಷರತ್ತು ಹೇಳಿದರು. "ನೋಡವ್ವಾ, ಸೀಟು ಸಿಕ್ಕರ ಇಲ್ಲೇ ಇರು. ಒಬ್ಬಾಕಿನ್ನ ಬಿಟ್ಟು ಹೋಗೂದು ನನಗ ಸುಲಭ ಅಲ್ಲ, ಆದರೂ ಬಿಡ್ತೀನಿ. ಸಿಗಲಿಲ್ಲಂದ್ರ ಸುಮ್ಮನ ನಮ್ಮ ಜೋಡಿ ಲಾರಿ ಹತ್ತಬೇಕು. ಹುಬ್ಬಳ್ಳ್ಯಾಗ ಬಿ.ಎಸ್ಸಿ. ಮುಂದಿನ ವರ್ಷ ಮತ್ತ ಬರೀತೀನಿ ಅನ್ನಂಗಿಲ್ಲ."

"ಹೂಂ" ಎಂದೆ. ನನಗೆ ಆ ಷರತ್ತು ನ್ಯಾಯವಾಗಿಯೇ ಕಂಡಿತು. ನನ್ನ ಮೇಲೆ ನನಗೆ ಅಷ್ಟು ನಂಬಿಕೆ. ಶಾಲೆಯ ಚಿತ್ರಕಲೆಯಲ್ಲಿ ಯಾವಾಗಲೂ ಬಹುಮಾನ ಬಂದಿತ್ತಲ್ಲ!

ಪರೀಕ್ಷೆ ಎರಡು ದಿನ. ಮೊದಲ ದಿನ ಚಿತ್ರ, ಎರಡನೆಯ ದಿನ ಸಂದರ್ಶನ. ಚಿತ್ರದ ಪ್ರಶ್ನೆ ಕೇಳಿ ನನಗೆ ನಗು ಬಂತು: ನೀವು ವಾಸಿಸುವ ಮನೆಯ ನಕ್ಷೆಯನ್ನು ನೆನಪಿನಿಂದ ಬರೆಯಿರಿ. ಹೊಸ ಸೆಟ್‌ಸ್ಕ್ವೇರಿಟ್ಟು ಕೂದಲೆಳೆಯಂಥ ಗೆರೆಗಳಲ್ಲಿ ಕೋಣೆಗಳನ್ನು ಬರೆದೆ. ಬಾಗಿಲು, ಕಿಟಕಿ, ಬಚ್ಚಲು, ತುಳಸಿ, ಯಾವುದನ್ನೂ ಬಿಡಲಿಲ್ಲ. ಪಕ್ಕದ ಹುಡುಗ ಪ್ರತಿಯೊಂದು ಗೋಡೆಗೂ ಎರಡೆರಡು ಗೆರೆ ಎಳೆಯುತ್ತಿದ್ದ. ಪಾಪ, ಕೈ ಸ್ಥಿರವಿಲ್ಲ, ಒಂದೇ ಗೆರೆಯಲ್ಲಿ ಮುಗಿಸಲು ಬರುವುದಿಲ್ಲ ಎಂದುಕೊಂಡೆ. ಅವನಿಗಾಗಿ ಮರುಗಿದ್ದೂ ನೆನಪಿದೆ.

ಹಾಳೆ ನೋಡುತ್ತ ಬಂದ ಸರ್ ವಯಸ್ಸಾದವರು, ದಪ್ಪ ಕನ್ನಡಕ. ನನ್ನ ಹತ್ತಿರ ನಿಂತು ಮರಾಠಿಯಲ್ಲಿ ಕೇಳಿದರು: "ಛಾನ್. ಪಣ ಭಿಂತ್ ಕುಠೇ ಆಹೇ?" ಚೆನ್ನಾಗಿದೆ, ಆದರೆ ಗೋಡೆ ಎಲ್ಲಿ?

ನಾನು ಗೆರೆ ತೋರಿಸಿದೆ.

ಅವರು ಹಾಳೆಯನ್ನು ಎತ್ತಿ, ಅದರ ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. "ಮಗ ಹೇ ಘರ್ ಕಾಗದಾಚಂ ದಿಸತಂಯ್." ಹಾಗಾದರೆ ಇದು ಕಾಗದದ ಮನೆ. ಸುತ್ತಲಿದ್ದವರು ನಕ್ಕರು. ನಾಳೆ ಸಂದರ್ಶನಕ್ಕೆ ಬರುವಾಗ ಇದನ್ನೇ ಮತ್ತೆ ಬರೆದುಕೊಂಡು ಬಾ, ಗೋಡೆಗಳ ಸಮೇತ, ಎಂದು ಮುಂದೆ ಹೋದರು.

ಹೊರಗೆ ಬೇವಿನ ಮರದ ಕೆಳಗೆ ಕಾದಿದ್ದ ಅಪ್ಪ ನನ್ನ ಮುಖ ನೋಡಿ ರಿಕ್ಷಾ ಕರೆದರು. ಹತ್ತಿ ಕೂತ ಮೇಲೆ, "ಇರಲಿ ಬಿಡು. ಹುಬ್ಬಳ್ಳ್ಯಾಗೂ ಒಳ್ಳೆ ಕಾಲೇಜ್ ಅದಾವು" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸಮಾಧಾನ ಹೇಳಿದ್ದು ಸೋತೇಬಿಟ್ಟೆ ಎನ್ನುವ ಹಾಗಿತ್ತು. ನನ್ನ ಕಣ್ಣ ಮುಂದೆ ಸಾಮಾನು ತುಂಬಿದ ಲಾರಿ ನಿಂತಿತು. ಅದರ ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಜ್ಜ.

ನಾವು ಇಳಿದುಕೊಂಡಿದ್ದು ಅಪ್ಪನ ಪರಿಚಯದ ಬಸಣ್ಣ ಕಾಕಾ ಅವರ ಮನೆಯಲ್ಲಿ. ಬೀದರ್ ಜಿಲ್ಲೆಯ ಭಾಲ್ಕಿಯವರು, ಮಾಲೇಗಾಂವದ ಬಟ್ಟೆ ತಂದು ಮಾರುವ ಅಂಗಡಿ. ಅಂಗಡಿಯ ಹಿಂದೆಯೇ ಮನೆ, ಎಷ್ಟು ಹಳೆಯದೆಂದು ಅವರಿಗೂ ತಿಳಿಯದು. ಅವರ ಹೆಂಡತಿ ಗೌರಮ್ಮ ಕಾಕುವಿಗೆ ಯಾರಾದರೂ ಮಂಕಾಗಿ ಕೂತರೆ ಆಗದು. ಕೂಡಲೇ ಏನಾದರೂ ಕೆಲಸ ಹೇಳುತ್ತಿದ್ದರು.

"ಯಾಕ ಹಿಂಗ ಸಪ್ಪಗ ಕುಂತಿ? ಏಳು, ದೀಪ ಹಚ್ಚಾದು ಅದ. ಮಾಡದಾಗಿಂದು ಕಡ್ಡಿಪೆಟ್ಟಿಗಿ ತಗೊಂಡು ಬಾ."

ಮಾಡ ಎಂದರೆ ಗೋಡೆಯೊಳಗಿನ ಗೂಡು. ಕೈ ಹಾಕಿದೆ. ಮುಂದೆ ವಿಭೂತಿಯ ಗಟ್ಟಿ, ಅದರ ಹಿಂದೆ ದೀಪದ ಎಣ್ಣೆ, ಅದರ ಹಿಂದೆ ಎಲ್ಲೋ ಕಡ್ಡಿಪೆಟ್ಟಿಗೆ. ಕೈ ಒಳಗೆ ಹೋಗುತ್ತಲೇ ಇತ್ತು. ಮೊಣಕೈವರೆಗೆ ಹೋದ ಮೇಲೂ ಬೆರಳಿಗೆ ಗೋಡೆಯ ಬೆನ್ನು ಸಿಗಲಿಲ್ಲ. ನಾನು ಹಾಗೇ ನಿಂತುಬಿಟ್ಟೆ.

"ಏನಾತು? ಚೇಳು ಕಡೀತೇನು?"

"ಇಲ್ಲ ಕಾಕು. ಗೋಡೆ ಎಷ್ಟು ಆಳ ಇದೆ!"

"ಹಳೀ ಗೋಡಿ ಅವ್ವಾ. ಹೊಟ್ಟಿ ಅದ ಇದಕ್ಕ. ದೇವ್ರಿಗೂ ಜಾಗ ಕೊಡ್ತದ, ಕಡ್ಡಿಪೆಟ್ಟಿಗಿಗೂ ಕೊಡ್ತದ. ದೀಪ ಹಚ್ಚು ಮೊದಲ."

ದೀಪ ಹಚ್ಚಿದೆ. ಆಮೇಲೆ ಸೆಟ್‌ಸ್ಕ್ವೇರು ತಂದು ಗೂಡಿನೊಳಗೆ ತೂರಿಸಿದೆ. ಕೈಗಿಂತ ಗಿಡ್ಡವಾದ ಅದನ್ನು ಇನ್ನಷ್ಟು ಒತ್ತಿ ತಿರುಗಿಸಿದಾಗ ಕಲ್ಲಿಗೆ ಸಿಕ್ಕಿ ತುದಿ ಮುರಿಯಿತು. ಟಪ್ ಎಂದ ಸದ್ದಿಗೆ ಕಾಕು ತಿರುಗಿ ನೋಡಿ, ನಾನು ಮತ್ತೆ ತೋಳನ್ನೇ ಒಳಗೆ ಹಾಕಿದ್ದು ಕಂಡು ನಕ್ಕುಬಿಟ್ಟರು. "ಏನ್ ಮಾಡ್ಲತ್ತಿ? ಗೋಡಿ ಏನು ಮಲ್ಲಿಗಿ ಮಾಲಿ ಅದ ಏನು, ಮೊಳ ಹಾಕಿ ಅಳೀಲಾಕ?"

ಆ ಕ್ಷಣದಲ್ಲಿ ನನಗೆ ನಾಸಿಕದ ಅಡುಗೆಮನೆಯ ಕಿಟಕಿ ಕಂಡಿತು. ಅಲ್ಲಿ ಓದುತ್ತ ಕೂತಾಗ ನನ್ನ ಮೊಣಕೈ ಕಿಟಕಿಕಟ್ಟೆಯ ಒಳಅಂಚಿನ ಮೇಲೆ ಇರುತ್ತಿತ್ತು. ಕೈ ಚಾಚಿದರೆ ಬೆರಳ ತುದಿ ಹೊರಅಂಚಿನ ಸರಳಿಗೆ ತಾಗುತ್ತಿತ್ತು. ಮಳೆಗಾಲದಲ್ಲಿ ಸರಳು ತಣ್ಣಗಿರುತ್ತಿತ್ತು. ಅಂದರೆ ನಮ್ಮ ಮನೆಯ ಹೊರಗೋಡೆ ಸರಿಯಾಗಿ ನನ್ನ ಒಂದು ಮೊಳ! ಒಳಗೋಡೆ? ಅಡುಗೆಮನೆಯ ಹೊಸ್ತಿಲ ಮೇಲೆ ಪಾದ ಇಟ್ಟರೆ ಹಿಮ್ಮಡಿ ಸ್ವಲ್ಪ ಹೊರಗೆ ಉಳಿಯುತ್ತಿತ್ತು; ಅದು ನನ್ನ ಒಂದು ಪಾದಕ್ಕಿಂತ ತುಸು ಕಡಿಮೆ. "ಹೊಸ್ತಿಲ ಮ್ಯಾಲ ನಿಂದರಬ್ಯಾಡ" ಎಂದು ಅಮ್ಮ ಎಷ್ಟು ಸಲ ಬೈದಿರಲಿಲ್ಲ! ಅವಳ ಮಾತು ಕೇಳದೆ ಇದ್ದದ್ದು ಒಳ್ಳೆಯದೇ ಆಯಿತು. ನನಗೆ ಗೋಡೆಗಳೆಲ್ಲ ಗೊತ್ತಿದ್ದವು. ಮುಟ್ಟಬಾರದು ಎಂದುಕೊಂಡು ಬೆಳೆದದ್ದರಿಂದ ಅವು ಇವೆಯೆಂಬುದನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಷ್ಟೆ.

ಊಟಕ್ಕೆ ಮೊದಲೇ ಹೊಸ ನಕ್ಷೆ ಮುಗಿಸಿದೆ. ಗೋಡೆಗೆ ಎರಡು ಗೆರೆ, ನಡುವೆ ಪೆನ್ಸಿಲಿನ ಕಪ್ಪು. ಕೋಣೆಗಳು ಕಿರಿದಾದವು, ಆದರೆ ಮನೆ ಎದ್ದು ಕೂತಂತೆ ಕಂಡಿತು. ಅಪ್ಪ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿ, "ಇಷ್ಟು ದಪ್ಪ ಅದಾವೇನು ನಮ್ಮ ಗ್ವಾಡಿ?" ಎಂದರು.

ಮರುದಿನ ಸರ್ ಕೇಳಿದ್ದು ಅದನ್ನೇ. ನಿಮ್ಮ ಮನೆ ನಾಸಿಕದಲ್ಲಿ, ನೀನು ಇಲ್ಲಿ. ಗೋಡೆ ಇಷ್ಟೇ ದಪ್ಪ ಎಂದು ಯಾವುದರ ಮೇಲೆ ಹೇಳುತ್ತೀ?

ನಾನು ನನ್ನ ಮೊಣಕೈಯನ್ನು ಅವರ ಮೇಜಿನ ಅಂಚಿನ ಮೇಲೆ ಇಟ್ಟು ಕೈ ಚಾಚಿದೆ. "ಇಥೂನ್ ಇಥಪರ್ಯಂತ್, ಸರ್. ಗಜ ಬೋಟಾಂನಾ ಲಾಗತಾತ್." ಇಲ್ಲಿಂದ ಇಲ್ಲಿಗೆ, ಸರಳು ಬೆರಳಿಗೆ ತಾಗುತ್ತದೆ. ಅಪ್ಪ ಒಳಗಿದ್ದಿದ್ದರೆ ಪರೀಕ್ಷಕರ ಮೇಜಿನ ಮೇಲೆ ಕೈ ಚಾಚಿದ ಮಗಳನ್ನು ನೋಡಿ ನಾಚಿಕೊಳ್ಳುತ್ತಿದ್ದರು. ಸರ್ ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿ, ತಮ್ಮ ಮೊಣಕೈಯನ್ನೂ ನನ್ನದರ ಪಕ್ಕದಲ್ಲಿಟ್ಟರು. ಅವರ ಕೈ ಉದ್ದ.

"ಮಾಝಾ ಹಾತ್ ಬಾಹೇರ್ ಜಾಈಲ್" ಎಂದರು. ನನ್ನ ಕೈ ಹೊರಗೆ ಹೋಗುತ್ತದಲ್ಲ.

"ಪಾವಸಾತ್ ಭಿಜೇಲ್, ಸರ್." ಮಳೆಯಲ್ಲಿ ನೆನೆಯುತ್ತದೆ.

ಅವರು ಜೋರಾಗಿ ನಕ್ಕರು. ನಾನು ನಗಲಿಲ್ಲ. ಅದು ಹಾಸ್ಯವೆಂದು ನನಗೆ ಹೊರಗೆ ಬಂದ ಮೇಲೆ ಹೊಳೆಯಿತು. ಅಷ್ಟರಲ್ಲಿ ಸೀಟು ನನ್ನದಾಗಿತ್ತು.

ಜೂನಿನಲ್ಲಿ ಲಾರಿ ಹುಬ್ಬಳ್ಳಿಗೆ ಹೋಯಿತು, ನಾನು ಹತ್ತಲಿಲ್ಲ. ಹಾಸ್ಟೆಲಿನ ಬಾಗಿಲಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ಗ್ವಾಡಿಗೆ ಮೊಳಿ ಹೊಡೀಬ್ಯಾಡ." ಆರ್ಕಿಟೆಕ್ಚರ್ ಓದಲು ಹೊರಟವಳಿಗೆ ಅದಕ್ಕಿಂತ ವಿಚಿತ್ರವಾದ ಆಶೀರ್ವಾದ ಸಿಕ್ಕಿರಲಿಕ್ಕಿಲ್ಲ. ನಾನು ಅದನ್ನು ಪಾಲಿಸಿದೆ. ಓದು ಮುಗಿಸಿ ನಾಸಿಕಕ್ಕೇ ಕೆಲಸಕ್ಕೆ ಬಂದು, ಈ ಮಹಡಿಯ ಕೋಣೆ ಬಾಡಿಗೆಗೆ ಹಿಡಿದ ಮೇಲೂ ಪಾಲಿಸಿದೆ. ಬೇರೆಯವರ ಗೋಡೆಗಳನ್ನು ದಿನವಿಡೀ ಕೆಡವಿಸಿ ಕಟ್ಟಿಸುತ್ತೇನೆ. ನನ್ನ ಕ್ಯಾಲೆಂಡರು ಕಿಟಕಿಯ ಸರಳಿಗೆ ತೂಗುತ್ತದೆ.

ಮೊನ್ನೆ ಸಂಜೆ ನನ್ನ ಖಾಲಿ ಗೋಡೆಗಳನ್ನು ಅಶ್ವಿನಿಯೇ ಗಮನಿಸಿದಳು. ನಾನು ಸೆಟ್‌ಸ್ಕ್ವೇರನ್ನು ಅವಳ ಕೈಗೆ ಕೊಡಲು ಹೋದಾಗ ಅವಳ ತಾಯಿ ಮೆಲ್ಲಗೆ, "ಬ್ಯಾಡ್ರಿ, ತುದಿ ಮುರದದಲ್ಲ. ಹೊಸಾದು ಕೊಡಸ್ತೀವ್ರಿ" ಎಂದರು. ಹುಡುಗಿ ಮಾತ್ರ ಕೋಣೆಯ ಸುತ್ತ ನೋಡುತ್ತಿದ್ದಳು. ಇಲ್ಲಿ ಬೆಳೆದ ಮಕ್ಕಳ ಮರಾಠಿ ಬೆರೆತ ಕನ್ನಡದಲ್ಲಿ, ನನ್ನನ್ನು ಅಕ್ಕ ಎಂದು ಕರೆದು ಕೇಳಿದಳು: "ತಾಈ, ನೀವು ಆರ್ಕಿಟೆಕ್ಟ್ ಇದ್ದೀರಿ ನಾ? ಮಗ ನಿಮ್ಮ ಭಿಂತಿ ಮೇಲೆ ಕಾಹೀಚ್ ಯಾಕೆ ಇಲ್ಲ?" ಮತ್ತೆ ನಿಮ್ಮ ಗೋಡೆಯ ಮೇಲೆ ಏನೂ ಯಾಕಿಲ್ಲ.

"ಬಾಡಿಗೆ ಮನೆ" ಎಂದೆ.

"ಮಾಲಕರು ನಕೋ ಅಂದ್ರಾ?"

ಬೇಡ ಎಂದು ಯಾರು ಹೇಳಿದ್ದರು? ರಾಯಚೂರಿನವರು, ಸೊಲ್ಲಾಪುರದವರು, ಆ ಕಲ್ಲಿನ ಮನೆಯವರು, ಒಬ್ಬ ಮಾಲೀಕರೂ ಹೇಳಿದ್ದು ನೆನಪಿಗೆ ಬರಲಿಲ್ಲ. ಹೇಳಿದ್ದೆಲ್ಲ ಅಪ್ಪ. ಈ ಕಥೆಯನ್ನೆಲ್ಲ ತೆಗೆಯದೆ ಅಶ್ವಿನಿಗೆ, ಏನನ್ನೂ ಕೊಳ್ಳುವ ಮೊದಲು ನಿಮ್ಮ ಮನೆಯ ಗೋಡೆಗಳನ್ನು ಕೈಯಿಂದ ಮುಟ್ಟಿ ನೋಡು ಎಂದೆ. ಅವಳ ತಾಯಿಗೆ ಅದು ಸಲಹೆಯಂತೆ ಕಾಣಲಿಲ್ಲ. ಹುಡುಗಿ ಹೋಗುವಾಗ ಬಾಗಿಲ ಪಕ್ಕದ ಗೋಡೆಗೆ ಅಂಗೈ ಒತ್ತಿ ಹೋದಳು.

ಮರುದಿನ ಬೆಳಿಗ್ಗೆ ಕೆಳಗಿಳಿದು ಮನೆಯೊಡತಿ ಆಜಿಯನ್ನು ಕೇಳಿದೆ, ಗೋಡೆಗೆ ಒಂದು ಮೊಳೆ ಹೊಡೆಯಬಹುದೇ ಎಂದು. ಅವರು ಪೋಹಾಕ್ಕೆ ಅವಲಕ್ಕಿ ತೊಳೆಯುತ್ತಿದ್ದರು. "ಮಗ ಠೋಕ್ ನಾ! ಭಿಂತ್ ಕಾಯ್ ರಡತೇ ಕಾ?" ಹೊಡಿ ಮತ್ತೆ, ಗೋಡೆ ಏನು ಅಳುತ್ತದೆಯೇ, ಎಂದು ಸುತ್ತಿಗೆ ಹುಡುಕಿ ಸಿಗದೆ ಕುಟ್ಟಾಣಿಯ ಗುಂಡನ್ನೇ ಕೈಗಿಟ್ಟರು. ಮೊದಲ ಮೊಳೆ ಬಾಗಿತು. ಸುಣ್ಣ ಉದುರಿ ಕಣ್ಣಿಗೆ ಬಿತ್ತು. ಎರಡನೆಯದು ಗಾರೆ ದಾಟಿ ಇಟ್ಟಿಗೆಯೊಳಗೆ ಹೋಗಿ ನಿಂತಿತು. ತುದಿ ಮುರಿದ ಸೆಟ್‌ಸ್ಕ್ವೇರನ್ನು ಅದರ ನಡುವಿನ ತೂತಿನಿಂದ ಅದಕ್ಕೆ ತೂಗುಹಾಕಿ, ಗುಂಡನ್ನು ತೊಳೆದು ಆಜಿಗೆ ಕೊಟ್ಟು, ಕೆಲಸಕ್ಕೆ ಹೋದೆ.