ಸ್ಟ್ರಾಬೆರಿ ಸುಸಲಾ

ಜಮಖಂಡಿಯಲ್ಲಿ ಹೊಸದಾಗಿ ತೆರೆದ ದೊಡ್ಡ ಅಂಗಡಿಗೆ ಇವತ್ತು ಮುಂಜಾನೆ ತೊಗರಿಬೇಳೆ ತರಲು ಹೋಗಿದ್ದೆ. ಒಳಗೆ ಕಾಲಿಡುವ ಮೊದಲೇ ಒಬ್ಬ ಹುಡುಗಿ ತಡೆದಳು. ಅವಳ ಮುಂದೆ ಮೇಜು, ಮೇಜಿನ ಮೇಲೆ ಸಾಲಾಗಿ ಕಾಗದದ ಸಣ್ಣ ಕಪ್ಪುಗಳು, ಅವುಗಳಲ್ಲಿ ಗೊಂಬೆಯ ಕೈಬಳೆಯಷ್ಟು ಪುಟ್ಟ ಗುಲಾಬಿ ಉಂಗುರಗಳು.

"ಟೇಸ್ಟ್ ಮಾಡ್ರಿ ಸರ್, ಸ್ಟ್ರಾಬೆರಿ. ಹಾಲಾಗ ಹಾಕ್ಕೊಂಡ್ರ ಆತು, ನಾಷ್ಟಾ ಮುಗೀತು."

ಕಪ್ಪು ಮೂಗಿನ ಹತ್ತಿರ ಬಂತು. ಮಕ್ಕಳ ಕೆಮ್ಮಿನ ಔಷಧಿ ಮತ್ತು ಪೆನ್ಸಿಲ್ ಅಳಿಸುವ ರಬ್ಬರು, ಎರಡನ್ನೂ ಕೂಡಿಸಿ ಒಣಗಿಸಿದಂಥ ವಾಸನೆ. ಮಹಾಬಳೇಶ್ವರದಲ್ಲಿ ಒಮ್ಮೆ ನಿಜವಾದ ಸ್ಟ್ರಾಬೆರಿ ತಿಂದಿದ್ದೇನೆ. ಅದು ಹುಳಿ. ಪಾಪ, ಆ ಹಣ್ಣಿಗೆ ತನ್ನ ರುಚಿ ಹೇಗಿರಬೇಕೆಂದು ಯಾರೂ ತಿಳಿಸಿರಲಿಕ್ಕಿಲ್ಲ.

ನೀವೇ ಯೋಚಿಸಿ. ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಬಿದ್ದು ಅರ್ಧ ಆಯುಷ್ಯ ಕಳೆಯುವ ಜನ ನಾವು. ಗಾಳಿ ಬೀಸಿದರೆ ಬೆಲ್ಲದ ವಾಸನೆ, ಇರುವೆಗಳಿಗೂ ಸಿಹಿ ತಿಂದು ಬೇಸರ ಬಂದ ಸೀಮೆ. ಇಂಥಲ್ಲಿಗೆ ಯಾರೋ ಮಹಾತ್ಮರು ದೂರದಿಂದ ಬಂದು ನಮಗೆ ಸಿಹಿಯ ರುಚಿ ತೋರಿಸುತ್ತಿದ್ದಾರೆ. ಹಿಪ್ಪರಗಿಯ ಹೊಳೆಗೆ ಕೊಡದಲ್ಲಿ ನೀರು ಹೊತ್ತು ತಂದು ಸುರಿಯುವ ಪುಣ್ಯದ ಕೆಲಸ. ಇದನ್ನೆಲ್ಲ ಆ ಹುಡುಗಿಗೆ ಹೇಳಬೇಕೆಂದು ಬಾಯಿ ತೆರೆದವನು, ಆ ಉಂಗುರಗಳನ್ನೇ ಬಾಯಿಗೆ ಹಾಕಿಕೊಂಡೆ. ನನಗೆ ನಮ್ಮ ಕಾಕಾ ನೆನಪಾಗಿದ್ದರು.

ಕಾಕಾ ಎಂದರೆ ಅಪ್ಪನ ತಮ್ಮ. ಮಹಾಲಿಂಗಪುರದಲ್ಲಿ ಬೆಲ್ಲದ ದಲಾಲಿ. ಪೇಟೆಯಲ್ಲಿ ಅವರಿಗಿಂತ ಅವರ ನಾಲಿಗೆಗೆ ಹೆಚ್ಚು ಮರ್ಯಾದೆ. ಬೆಲ್ಲದಲ್ಲಿ ಸಕ್ಕರೆ ಬೆರೆತಿದೆಯೋ ಇಲ್ಲವೋ ಎಂದು ಇಬ್ಬರು ಜಗಳಕ್ಕೆ ನಿಂತರೆ ಮೂರನೆಯವನು, "ಸುಮ್ನ ಯಾಕ ಒದರತೀರಿ, ಕಾಕಾರ ಬಾಯಾಗ ಹಾಕ್ರಿ" ಎನ್ನುತ್ತಿದ್ದ. ಕಾಕಾ ಬೆಲ್ಲದ ಪೆಂಟೆಯ ಮೂಲೆಯಿಂದ ಒಂದು ಚೂರು ಮುರಿಯುವರು, ಬೆರಳಲ್ಲಿ ತಿಕ್ಕುವರು, ಬೆಳಕಿಗೆ ಹಿಡಿಯುವರು, ಆಮೇಲೆ ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುವರು. ಕಣ್ಣು ತೆರೆದು ಏನು ಹೇಳುತ್ತಾರೋ ಅದೇ ತೀರ್ಪು. ಮೇಲ್ಮನವಿ ಇಲ್ಲ.

ಇಂಥ ನಾಲಿಗೆಯ ಜೊತೆ ಸಂಸಾರ ಮಾಡುವುದು ಹೇಗಿರುತ್ತದೆ ಎಂದು ನಮ್ಮ ಕಾಕುವನ್ನು ಕೇಳಬೇಕು. ಕಾಕು ಅಡುಗೆ ಮಾಡುವಾಗ ರುಚಿ ನೋಡುವವರಲ್ಲ. ದೇವರಿಗೆ ಎಡೆ ಹಿಡಿಯುವ ಮೊದಲು ಬಾಯಿಗೆ ಹಾಕಿಕೊಂಡರೆ ಎಂಜಲು, ಇದು ಅವರ ಅತ್ತೆ ಹಾಕಿಕೊಟ್ಟ ನೇಮ. ಎಡೆಯಾದ ಮೇಲೆ ಮೊದಲ ತಾಟು ಕಾಕಾರದು. ದೇವರು ಈವರೆಗೆ ಉಪ್ಪಿನ ಬಗ್ಗೆ ಒಂದು ಮಾತೂ ಆಡಿಲ್ಲ. ಆ ಕೆಲಸವನ್ನೆಲ್ಲ ಅವನು ಕಾಕಾರಿಗೆ ವಹಿಸಿಕೊಟ್ಟಂತಿತ್ತು.

"ಈ ಪಲ್ಯಾಕ ಉಪ್ಪು ಹಾಕೀಯೋ, ಬರೇ ಉಪ್ಪಿನ ಡಬ್ಬಿ ತೋರಿಸೀಯೋ?"

"ನಮ್ಮ ಕೈಯಾಗ ಇಷ್ಟ ಬರೂದು. ಬ್ಯಾರೆ ಕೈ ಬೇಕಾದ್ರ ಹುಡುಕೋರಿ" ಎನ್ನುತ್ತ ಕಾಕು ಎದ್ದು ಹೋಗಿ ಒಂದು ಚಿಟಿಕೆ ಉಪ್ಪು ತಂದು ಹಾಕುವರು. ಕಾಕಾ ಕಲಸಿ ಒಂದು ತುತ್ತು ತಿಂದು "ಹ್ಞಾಂ" ಎಂದ ಮೇಲೆ ಉಳಿದವರ ತಾಟಿಗೆ ಬಡಿಸುವುದು. ನನಗೆ ತಿಳಿವಳಿಕೆ ಬಂದಾಗಿನಿಂದ ಆ ಮನೆಯಲ್ಲಿ ಊಟ ಶುರುವಾಗುತ್ತಿದ್ದುದೇ ಹೀಗೆ. ಬೈಗುಳವಿಲ್ಲದೆ ಬಡಿಸಿದ ನೆನಪು ನನಗಿಲ್ಲ.

ಆಮೇಲೆ ಎಲ್ಲರೂ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದ, ಊರಿಗೆಲ್ಲ ಜ್ವರ ಬಂದ ಆ ಕಾಲ. ಕಾಕಾರಿಗೂ ಬಂತು, ಬಿಟ್ಟಿತು, ಎದ್ದು ಅಂಗಡಿಗೆ ಹೋಗತೊಡಗಿದರು. ಸ್ವಲ್ಪ ದಿನ ಕಳೆದ ಮೇಲೆ ಕಾಕುವಿನ ಫೋನು ಬಂತು.

"ತಮ್ಮಾ, ನಿಮ್ಮ ಕಾಕಾ ಬೈಯೋದ ಬಿಟ್ಟಾರ."

"ಛಲೋ ಆತಲ್ರೀ ಕಾಕು. ಓಣಿಗೆಲ್ಲ ಪೇಡೆ ಹಂಚ್ರಿ."

"ನಗಬ್ಯಾಡೋ. ಸಾರಿಗೆ ಉಪ್ಪು ಮರ್ತಿದ್ದೆ ಅಂತ ಆಮ್ಯಾಲ ನಾ ಉಣ್ಣಾಕ ಕುಂತಾಗ ಗೊತ್ತಾತು. ಅವರು ಸುಮ್ನ ಉಂಡು ಕೈ ತೊಳಕೊಂಡು ಹೋಗ್ಯಾರ. ಅವರ ನಾಲಿಗಿ ಹೋಗೇತೇನೋ ಅಂತ ನನಗ ಜೀವ ಹೊಡಕೊಳ್ಳಾಕತ್ತೇತಿ."

ಕೇಳಿಬಿಡಿ ಎಂದೆ. ಕೇಳಿದರೆ ಹೇಳುವ ಮನುಷ್ಯನೇ ಎಂದರು. ಅದೂ ಖರೆ. ಪೇಟೆಯಲ್ಲಿ ಕಾಕಾರ ಮಾತು ನಡೆಯುವುದೇ ಆ ನಾಲಿಗೆಯ ಮೇಲೆ. ಬೆಲ್ಲ ಕೊಟ್ಟು ಪರೀಕ್ಷೆ ಮಾಡೋಣವೆಂದರೆ, ಇಷ್ಟು ವರ್ಷದ ಅನುಭವ, ಕಣ್ಣು ಮತ್ತು ಬೆರಳಿನಿಂದಲೇ ಮುಕ್ಕಾಲು ಹೇಳಿಬಿಡುತ್ತಾರೆ. ಅವರು ಹುಟ್ಟಿದಾಗಿನಿಂದ ಕಂಡಿರದ ಪದಾರ್ಥವೇ ಬೇಕು. ಅಂಥದು ಮನೆಯಲ್ಲೇ ಇತ್ತು. ಪುಣೆಯಲ್ಲಿರುವ ಅವರ ಮಗಳು ರಜೆಗೆ ಬಂದು ಹೋದಾಗ, ತನ್ನ ಕೂಸು ಅದನ್ನು ಬಿಟ್ಟು ಬೇರೆ ನಾಷ್ಟಾ ಮುಟ್ಟುವುದಿಲ್ಲವೆಂದು ತಂದಿದ್ದ ಸೀರಿಯಲ್ ಡಬ್ಬಗಳು ಅಲ್ಲೇ ಉಳಿದಿದ್ದವು. ಕೂಸು ಇಲ್ಲಿ ಇದ್ದಷ್ಟು ದಿನವೂ ರೊಟ್ಟಿ–ಬೆಣ್ಣೆ ತಿಂದಿತ್ತು. ಡಬ್ಬಗಳನ್ನು ಚೆಲ್ಲಲು ಕಾಕುವಿಗೆ ಮನಸ್ಸಿರಲಿಲ್ಲ.

ಕಾಲೇಜಿನಲ್ಲಿ ಪರೀಕ್ಷೆ ನಡೆಸಿಯೇ ಹೊಟ್ಟೆ ಹೊರೆಯುವ ನಾನು ಮಹಾಲಿಂಗಪುರಕ್ಕೆ ಹೋಗಿ ಶಾಸ್ತ್ರೋಕ್ತವಾಗಿ ಪರೀಕ್ಷೆ ಏರ್ಪಡಿಸಿದೆ. ನಾಲ್ಕು ಬಟ್ಟಲು: ಚಾಕಲೇಟು, ಜೇನು, ಬಾಳೆಹಣ್ಣು, ಸ್ಟ್ರಾಬೆರಿ. "ಕಾಕಾ, ಇವುಗಳ ರುಚಿ ಒಂದಿಷ್ಟು ನೋಡಿ ಹೇಳ್ರಿ" ಎಂದೆ, ಏನೂ ಅರಿಯದವನಂತೆ. ಕಾಕಾ ಬೆಲ್ಲದ ಹರಾಜಿಗೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಕುಳಿತರು. ಹಾಲು ಬೇಡವೆಂದರು, ಹಾಲು ಹಾಕಿದರೆ ಮಾಲಿನ ಗುಣ ತಿಳಿಯುವುದಿಲ್ಲವಂತೆ. ಒಂದೊಂದನ್ನೂ ಬೆರಳಲ್ಲಿ ಪುಡಿ ಮಾಡಿದರು, ಬೆಳಕಿಗೆ ಹಿಡಿದರು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು, ನಡುನಡುವೆ ನೀರು ಕುಡಿದರು.

"ಇದು ಚಾಕಲೇಟ್. ಇದರಾಗ ಜೇನ ಐತಿ. ಇದು ಬಾಳಿಹಣ್ಣು. ಈ ಕೆಂಪನ್ನದು ಅದೇನೋ ನಿಮ್ಮ ಸ್ಟ್ರಾಬೆರಿ. ನಾಕೂ ಎರಡನೇ ದರ್ಜೆ ಮಾಲು."

ನಾಲ್ಕಕ್ಕೆ ನಾಲ್ಕೂ ಸರಿ. ಕಾಕುವಿನ ಮುಖ ಅರಳಿತು. ನಾನು ಅವರನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿ ಮಲಗಿದೆ. ಕಂದು ಬಣ್ಣದ್ದು ಚಾಕಲೇಟು, ಹಳದಿಯದು ಬಾಳೆಹಣ್ಣು, ಗುಲಾಬಿಯದು ಸ್ಟ್ರಾಬೆರಿ ಎಂದು ಹೇಳಲು ನಾಲಿಗೆ ಯಾಕೆ ಬೇಕು, ಕಣ್ಣಿದ್ದರೆ ಸಾಲದೇ ಎಂಬುದು ನನ್ನಂಥ ಪರೀಕ್ಷಕನಿಗೆ ಹೊಳೆಯಲಿಲ್ಲ. ಉಳಿದ ಜೇನಿನದಕ್ಕೆ ಡಬ್ಬದ ಮೇಲೆ ಕೊಡೆಯಷ್ಟು ದೊಡ್ಡ ಜೇನುಹುಳದ ಚಿತ್ರವಿತ್ತು, ಡಬ್ಬ ಕಿಟಕಿಯ ಮೇಲೇ ಇತ್ತು. ಆ ಕಂಪನಿಯವರು ಬಣ್ಣದ ಮೇಲೆ ಪಟ್ಟ ಕಷ್ಟದಲ್ಲಿ ಕಾಲುಭಾಗವನ್ನಾದರೂ ರುಚಿಯ ಮೇಲೆ ಪಡಬಾರದಿತ್ತೇ!

ಮರುದಿನ ಮುಂಜಾನೆ ಕಾಕು, ಮೊಮ್ಮಗಳ ಪದಾರ್ಥ ಹಾಳಾಗಬಾರದೆಂದು, ನಾಲ್ಕೂ ಡಬ್ಬಗಳನ್ನು ಬುಟ್ಟಿಗೆ ಸುರಿದು ತಮಗೆ ಗೊತ್ತಿದ್ದ ರೀತಿಯಲ್ಲಿ ನಾಷ್ಟಾ ಮಾಡಿದರು. ನಮ್ಮ ಕಡೆ ಗರಿಗರಿಯಾದ, ಹಗುರವಾದ ಯಾವ ವಸ್ತು ಕಂಡರೂ ಅದು ಚುರಮುರಿಯ ಬಳಗವೇ. ನೀರಲ್ಲಿ ತೋಯಿಸಬೇಕು, ಹಿಂಡಬೇಕು, ಒಗ್ಗರಣೆ ಕೊಟ್ಟು ಸುಸಲಾ ಮಾಡಬೇಕು. ಕಾಕು ತೋಯಿಸಿದರು. ಹೋಳಿಹುಣ್ಣಿಮೆಯ ಮರುದಿನ ಅಂಗಿ ಹಿಂಡಿದಂತೆ ಬಣ್ಣಬಣ್ಣದ ನೀರು ಹರಿಯಿತಂತೆ. ಹಿಂಡಿ ಉಳಿದದ್ದಕ್ಕೆ ಸಾಸಿವೆ, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ, ಕರಿಬೇವು, ಧಾರಾಳವಾಗಿ ಅರಿಶಿನ, ಮೇಲೆ ಪುಟಾಣಿ, ಅಂದರೆ ಹುರಿಗಡಲೆ, ಹಿಟ್ಟು. ನೋಡಲು ಅಪ್ಪಟ ಸುಸಲಾ. ನೇಮದಂತೆ ಬಾಯಿಗೆ ಹಾಕಿಕೊಳ್ಳದೆ, ಎಡೆ ಹಿಡಿದು, ಕಾಕಾರಿಗೊಂದು ತಾಟು, ಅತಿಥಿಯಾದ ನನಗೊಂದು ತಾಟು ಇಟ್ಟರು.

ನಾನು ಒಂದು ಚಮಚ ಬಾಯಿಗಿಟ್ಟೆ. ಹಸಿಮೆಣಸಿನ ಖಾರದೊಳಗಿಂದ ಸ್ಟ್ರಾಬೆರಿ ಎದ್ದು ಬಂತು. ಅದರ ಹಿಂದೆ ಚಾಕಲೇಟು, ಚಾಕಲೇಟಿನ ಹಿಂದೆ ಉಳ್ಳಾಗಡ್ಡಿ. ನುಂಗಲಾರದೆ, ಉಗುಳಲಾರದೆ, ಕಣ್ಣಲ್ಲಿ ನೀರು ತುಂಬಿಕೊಂಡು ಕಾಕಾರ ಕಡೆ ನೋಡಿದೆ, ಇನ್ನೇನು ಮನೆಯ ಮಾಳಿಗೆ ಹಾರಿಹೋಗುತ್ತದೆ ಎಂದು. ಕಾಕಾ ಸಮಾಧಾನವಾಗಿ ತಿನ್ನುತ್ತಿದ್ದರು. ತಾಟು ಖಾಲಿಯಾಯಿತು.

"ಸುಸಲಾ ಛಲೋ ಆಗೇತಿ. ಇನ್ನೊಂದೀಟು ಹಾಕು."

ಕಾಕು ನನ್ನ ಮುಖ ನೋಡಿದರು. ನನ್ನ ತಾಟಿನಿಂದಲೇ ಒಂದು ಚಿವುಟು ತೆಗೆದು ಬಾಯಿಗೆ ಹಾಕಿಕೊಂಡರು, ಹಾಗೆಯೇ ನಿಂತರು. ಕಾಕಾ ನಮ್ಮಿಬ್ಬರನ್ನೂ ನೋಡಿದರು, ತಾಟು ನೋಡಿದರು, ಕಿಟಕಿಯ ಮೇಲಿದ್ದ ಖಾಲಿ ಡಬ್ಬಗಳನ್ನು ನೋಡಿದರು. ತಮ್ಮ ಗುಟ್ಟು ಬಯಲಾಯಿತೆಂದು ಅವರಿಗೆ ಗೊತ್ತಾಯಿತು.

"ಯಾವಾಗಿಂದ ಗೊತ್ತೈತಿ ನಿನಗ?" ಎಂದು ಕಾಕುವನ್ನು ಕೇಳಿದರು.

"ನೀವು ಬೈಯೋದ ಬಿಟ್ಟಾಗಿಂದ."

ಕಾಕಾ ತಲೆ ತಗ್ಗಿಸಿದರು. "ಬಾಯಾಗ ಮಣ್ಣು ಹಾಕಿದ್ರೂ ಅಷ್ಟ, ಬೆಲ್ಲಾ ಹಾಕಿದ್ರೂ ಅಷ್ಟ. ಪ್ಯಾಟ್ಯಾಗ ಕಣ್ಣಿಲೆ ನೋಡಿ ಹೇಳಾಕತ್ತೇನಿ. ಒಂದಿನ ತಪ್ಪಿ ಯಾರದರೆ ಮನಿ ಹಾಳ ಮಾಡ್ತೇನಿ ಅಂತ ನಿದ್ದಿ ಬರವಲ್ದು" ಎಂದರು. ಆ ಮನುಷ್ಯ ಹಾಗೆ ಕುಗ್ಗಿದ್ದನ್ನು ನಾನು ಕಂಡಿರಲಿಲ್ಲ. ನನಗೆ ಬಹಳ ಸಂಕಟವಾಯಿತು.

ಅದೇ ವಾರ ಕಾಕಾ ಪೇಟೆಯಲ್ಲಿ ಎಲ್ಲರೆದುರು ಹೇಳಿಬಿಟ್ಟರು, ಇನ್ನು ಮೇಲೆ ಜಗಳ ನನ್ನ ಬಾಯಿಗೆ ತರಬೇಡಿ ಎಂದು. ಪೇಟೆ ಒಂದೆರಡು ದಿನ ಅಯ್ಯೋ ಎಂದು ಬೇರೆ ನಾಲಿಗೆ ಹುಡುಕಿಕೊಂಡಿತು. ಪೇಟೆಯ ಸ್ವಭಾವವೇ ಅದು. ಮನೆಯಲ್ಲಿ ಮಾತ್ರ ಊಟದ ಹೊತ್ತು ಸದ್ದಿಲ್ಲದೆ ಮುಗಿಯುತ್ತಿತ್ತು. ಕಾಕು ಅತ್ತೆಯ ನೇಮ ಮುರಿಯಲಿಲ್ಲ; ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ತಾವು ಉಣ್ಣುವಾಗಲೇ ತಿಳಿಯುವುದು. ಹೀಗೇ ಎಷ್ಟೋ ದಿನ ಕಳೆದ ಮೇಲೆ ಮತ್ತೆ ಅವರ ಫೋನು.

"ತಮ್ಮಾ, ಇವತ್ತ ಬೈದ್ರೋ!"

"ನಾಲಿಗಿ ತಿರುಗಿ ಬಂತೇನ್ರಿ?"

"ಎಲ್ಲೀದು? ಪಲ್ಯಾಕ ಉಪ್ಪು ಬರೋಬ್ಬರಿ ಇತ್ತು. ಸುಮ್ನ ಬೈದ್ರು. ಡಬ್ಬಿ ತೋರಿಸೀಯೇನು ಅಂದ್ರು."

ಆ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ಅವರ ಮಗಳ ಮದುವೆಯಲ್ಲೂ ಕೇಳಿರಲಿಲ್ಲ.

ಅಂಗಡಿಯ ಹುಡುಗಿ ಇನ್ನೂ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಛಲೋ ಐತಿ ಎಂದು ಸುಳ್ಳು ಹೇಳಿ, ಬೇಳೆ ಕೊಂಡು, ಬೈಕನ್ನು ಮನೆಗೆ ತಿರುಗಿಸದೆ ನೇರ ಮಹಾಲಿಂಗಪುರಕ್ಕೆ ಬಿಟ್ಟೆ. ಊಟದ ಹೊತ್ತಿಗೆ ಸರಿಯಾಗಿ ತಲುಪಿದೆ. ಕಾಕಾ ಒಂದು ತುತ್ತು ಬಾಯಿಗಿಟ್ಟು, ಮೊದಲಿನಂತೆಯೇ ಕಣ್ಣು ಮುಚ್ಚಿ, ತೆರೆದು, "ಬ್ಯಾಳಿಗೆ ಉಪ್ಪು ಸಾಲಂಗಿಲ್ಲ" ಎಂದು ಗದರಿದರು. ಕಾಕು ಗೊಣಗುತ್ತ ಎದ್ದು ಹೋಗಿ, ಒಂದು ಚಿಟಿಕೆ ಉಪ್ಪು ತಂದು ಬೇಳೆಯ ಪಾತ್ರೆಗೇ ಹಾಕಿ ಕಲಸಿದರು. ಆಮೇಲೆ ಅದರಲ್ಲೇ ಒಂದು ಸೌಟು ನನ್ನ ತಾಟಿಗೆ ಬಡಿಸಿದರು.

ಬೇಳೆ ಮೊದಲೇ ಉಪ್ಪಾಗಿದ್ದಿರಬೇಕು; ಆ ಚಿಟಿಕೆ ಬಿದ್ದ ಮೇಲೆ ಉಪ್ಪೆಂದರೆ ಉಪ್ಪು, ನಾಲಿಗೆ ಮುಟ್ಟಿಸುವಂತಿರಲಿಲ್ಲ. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು.

"ಹ್ಯಾಂಗ ಆಗೇತೋ?" ಎಂದರು ಕಾಕು.

"ಈಗ ಬರೋಬ್ಬರಿ ಆತು ನೋಡ್ರಿ ಕಾಕು" ಎಂದೆ, ಮತ್ತೊಂದು ಸೌಟು ಹಾಕಿಸಿಕೊಂಡೆ.